ಅಳಿಲಿನ ಲೆಕ್ಕ

ಹೊರನಾಡಿನ ಕನ್ನಡ ಸಭೆಗಳಲ್ಲಿ ವಂದನಾರ್ಪಣೆಗೆ ನಿಂತವರ ಬಾಯಿಂದ ತಪ್ಪದೆ ಬರುವ ಮಾತೊಂದಿದೆ: 'ನಮ್ಮದೇನಿದ್ದರೂ ಅಳಿಲು ಸೇವೆ'. ಅಹಮದಾಬಾದಿನಲ್ಲಿ ಈ ಮಾತನ್ನು ನಾನು ಎಷ್ಟು ಸಲ ಕೇಳಿದ್ದೇನೆಂದರೆ, ಅದು ಬರುವ ಹೊತ್ತಿಗೆ ಚಪ್ಪಲಿ ಹುಡುಕಲು ಏಳುವ ಅಭ್ಯಾಸವಾಗಿಬಿಟ್ಟಿದೆ. ಕಳೆದ ರಾಜ್ಯೋತ್ಸವದಲ್ಲಿ ಹಾಗೆ ಏಳಲು ಹೊರಟಾಗ, ವಡೋದರದಿಂದ ಬಂದಿದ್ದ ನನ್ನ ತಂಗಿಯ ಮಗ ಪಕ್ಕದಿಂದ ಕೇಳಿದ: "ಮಾವ, ಅಳಿಲು ಸೇವೆ ಅಂದ್ರೆ ಸಣ್ಣ ಕೆಲಸ ಅಂತಾನಾ? ನಮ್ಮ ಆಟದಲ್ಲಿ ಅಳಿಲೇ ವರ್ಲ್ಡ್ ಚಾಂಪಿಯನ್‌ಶಿಪ್ ಗೆಲ್ಲಿಸಿದ್ದು."

ಅವನು ಹೇಳಿದ್ದು ನಿಜ. ಆಟದ ಹೆಸರು ಪೋಕೆಮಾನ್, ಅಳಿಲಿನ ಹೆಸರು ಪಚಿರಿಸು. ಜಪಾನಿ ಭಾಷೆಯಲ್ಲಿ 'ಪಚಿ ಪಚಿ' ಎಂದರೆ ಕಿಡಿ ಸಿಡಿಯುವ ಸದ್ದು, 'ರಿಸು' ಎಂದರೆ ಅಳಿಲು. 2014ರ ಆಗಸ್ಟಿನಲ್ಲಿ ವಾಷಿಂಗ್ಟನ್ ಡಿ.ಸಿ.ಯಲ್ಲಿ ನಡೆದ ವಿಶ್ವ ಚಾಂಪಿಯನ್‌ಶಿಪ್ಪಿನಲ್ಲಿ ದಕ್ಷಿಣ ಕೊರಿಯಾದ ಸೇ ಜುನ್ ಪಾರ್ಕ್ ಈ ಅಳಿಲನ್ನು ತನ್ನ ತಂಡದಲ್ಲಿ ಇಟ್ಟುಕೊಂಡೇ ಹಿರಿಯರ ವಿಭಾಗದ ಪ್ರಶಸ್ತಿ ಪಡೆದ. ಅಂದಿನಿಂದ ಇದು ಅಭಿಮಾನಿಗಳ ನಡುವೆ ಒಂದು ಪುರಾಣವೇ ಆಗಿದೆ. ಆ ಪುರಾಣದ ಸಾರ ಇಷ್ಟು: ದುರ್ಬಲವಾದರೇನು, ಪ್ರೀತಿಯಿಂದ ನೆಚ್ಚಿಕೊಂಡ ಜೀವಿ ಗೆಲ್ಲಿಸಿಯೇ ತೀರುತ್ತದೆ.

ನನ್ನ ತಕರಾರು ಈ ಪುರಾಣದ ಬಗೆಗೇ. ಪಚಿರಿಸು ಗೆದ್ದದ್ದು ಪ್ರೀತಿಯಿಂದಲ್ಲ. ಅದನ್ನು ತಿಳಿಯಬೇಕಾದರೆ ಆಟದ ಕಟ್ಟನ್ನು ಸ್ವಲ್ಪ ನೋಡಬೇಕು. ಗೊತ್ತಿಲ್ಲದವರು ದಯವಿಟ್ಟು ಎರಡು ಪ್ಯಾರಾ ತಾಳಿಕೊಳ್ಳಬೇಕು.

ಸ್ಪರ್ಧೆಯಲ್ಲಿ ಪ್ರತಿಯೊಬ್ಬ ಆಟಗಾರ ಆರು ಜೀವಿಗಳ ತಂಡ ತರುತ್ತಾನೆ. ಎದುರಾಳಿಯ ಆರನ್ನು ನೋಡಿದ ಮೇಲೆ ತನ್ನವುಗಳಲ್ಲಿ ನಾಲ್ಕನ್ನು ಆರಿಸುತ್ತಾನೆ; ಕಣದಲ್ಲಿ ಒಮ್ಮೆಗೆ ಇರುವುದು ಎರಡೆರಡು. ಪ್ರತಿ ಜೀವಿಗೂ ನಾಲ್ಕೇ ಪಟ್ಟುಗಳು. ಎರಡೂ ಕಡೆಯವರು ತಮ್ಮ ಪಟ್ಟುಗಳನ್ನು ಗುಟ್ಟಾಗಿ ಆರಿಸಿದ ಮೇಲೆ ಎಲ್ಲವೂ ವೇಗದ ಕ್ರಮದಲ್ಲಿ ನಡೆಯುತ್ತವೆ. ಒಂದೊಂದು ಜೀವಿಯೂ ನೀರು, ಬೆಂಕಿ, ವಿದ್ಯುತ್, ನೆಲ ಮುಂತಾದ ಒಂದೋ ಎರಡೋ ಬಗೆಗೆ ಸೇರಿದ್ದು. ಯಾವ ಬಗೆಯ ಏಟು ಯಾವುದಕ್ಕೆ ಇಮ್ಮಡಿ, ಯಾವುದಕ್ಕೆ ಅರ್ಧ, ಯಾವುದಕ್ಕೆ ತಟ್ಟುವುದೇ ಇಲ್ಲ ಎಂಬ ದೊಡ್ಡ ಕೋಷ್ಟಕವನ್ನು ಮಕ್ಕಳು ಮಗ್ಗಿಗಿಂತ ಚೆನ್ನಾಗಿ ಬಾಯಿಪಾಠ ಮಾಡಿರುತ್ತಾರೆ.

ಪಾರ್ಕ್‌ನ ತಂಡದಲ್ಲಿ ಗ್ಯಾರಡೋಸ್ ಎಂಬ ಕಡಲ ಸರ್ಪವಿತ್ತು, ಟ್ಯಾಲನ್‌ಫ್ಲೇಮ್ ಎಂಬ ಬೆಂಕಿಯ ಹಕ್ಕಿಯಿತ್ತು. ಗ್ಯಾರಡೋಸ್ ನೀರಿನ ಬಗೆಯೂ ಹೌದು, ಹಾರಾಟದ ಬಗೆಯೂ ಹೌದು. ವಿದ್ಯುತ್ತಿನ ಏಟು ಎರಡಕ್ಕೂ ಇಮ್ಮಡಿಯಾದ್ದರಿಂದ ಅದರ ಮೇಲೆ ನಾಲ್ಕು ಪಟ್ಟು ಬೀಳುತ್ತದೆ; ಟ್ಯಾಲನ್‌ಫ್ಲೇಮ್ ಮೇಲೆ ಎರಡು ಪಟ್ಟು. ಆ ವರ್ಷದ ಕಣದಲ್ಲಿ ರೋಟಮ್, ಝಾಪ್ಡೋಸ್, ಮ್ಯಾನೆಕ್ಟ್ರಿಕ್ ಮುಂತಾದ ಮಿಂಚಿನ ಜೀವಿಗಳಿಗೆ ಬರವಿರಲಿಲ್ಲ. ತಂಡದ ತೂತು ಅಲ್ಲಿತ್ತು. ಆ ತೂತಿಗೆ ಬೆಣೆಯಾಗಿ ಬಂದದ್ದು ಅಳಿಲು.

ಪಚಿರಿಸುವಿನ ಮೂಲ ಅಂಕಗಳ ಒಟ್ಟು ಮೊತ್ತ 405. ಅದೇ ತಂಡದ ಗಾರ್ಚೋಂಪ್‌ನದು 600, ಗ್ಯಾರಡೋಸ್‌ನದು 540. ಸಾಲಿನಲ್ಲಿ ನಿಲ್ಲಿಸಿ ನೋಡಿದರೆ ಅಳಿಲನ್ನು ಯಾರೂ ಆರಿಸುವುದಿಲ್ಲ. ಆದರೆ ಅದರ ಬಳಿ 'ಫಾಲೋ ಮಿ' ಎಂಬ ಪಟ್ಟೊಂದಿದೆ. ಸಾಮಾನ್ಯ ಏಟುಗಳಿಗಿಂತ ಮೊದಲೇ ನಡೆಯುವ ಈ ಪಟ್ಟು, ಎದುರಾಳಿಗಳು ಜೊತೆಗಾರನಿಗೆ ಗುರಿಯಿಟ್ಟ ಏಟನ್ನೆಲ್ಲ ಆ ಸುತ್ತಿನಲ್ಲಿ ತನ್ನತ್ತ ಸೆಳೆದುಕೊಳ್ಳುತ್ತದೆ. ಜೊತೆಗೆ ಅದಕ್ಕಿರುವ 'ವೋಲ್ಟ್ ಅಬ್ಸಾರ್ಬ್' ಎಂಬ ಗುಣದಿಂದಾಗಿ ವಿದ್ಯುತ್ತಿನ ಏಟು ತಾಗಿದರೆ ನೋವಾಗುವುದಿಲ್ಲ. ಬದಲಿಗೆ ಪ್ರಾಣಬಲದ ಕಾಲು ಭಾಗ ಮರಳಿ ತುಂಬುತ್ತದೆ. ಗ್ಯಾರಡೋಸ್‌ನ ಸಾವಾಗಬೇಕಿದ್ದ ಮಿಂಚು ಅಳಿಲಿನ ಊಟವಾಗುತ್ತದೆ. ಎದುರಾಳಿಗೆ ಇದು ಗೊತ್ತಾದ ಮರುಕ್ಷಣದಿಂದ ಅವನು ಮಿಂಚನ್ನು ಬಳಸಲು ಅಂಜುತ್ತಾನೆ. ಹೀಗೆ, ಅಳಿಲು ಏನೂ ಮಾಡದ ಸುತ್ತಿನಲ್ಲೂ ಎದುರಾಳಿಯ ಒಂದು ಆಯುಧ ಒರೆಯಲ್ಲೇ ಉಳಿದುಬಿಡುತ್ತದೆ. ನನಗೆ ಅತ್ಯಂತ ಸೊಗಸಾಗಿ ಕಂಡದ್ದು ಇದೇ.

ಉಳಿದ ಪಟ್ಟುಗಳ ಆಯ್ಕೆಯೂ ಅಷ್ಟೇ ಮಿತವ್ಯಯದ್ದು. 'ಸೂಪರ್ ಫ್ಯಾಂಗ್' ಎದುರಾಳಿಯಲ್ಲಿ ಉಳಿದಿರುವ ಪ್ರಾಣಬಲದ ಅರ್ಧವನ್ನು ಕಚ್ಚಿಕೊಳ್ಳುತ್ತದೆ; ಕಚ್ಚುವವನ ಶಕ್ತಿ ಎಷ್ಟೆಂಬುದು ಅಲ್ಲಿ ಲೆಕ್ಕಕ್ಕೇ ಬರುವುದಿಲ್ಲ. 'ನಝಲ್' ಸಣ್ಣ ಏಟು, ಆದರೆ ತಾಗಿದ್ದು ತಪ್ಪದೆ ಲಕ್ವ ಹೊಡೆದಂತಾಗಿ ಅದರ ವೇಗ ಅಂದಿನ ನಿಯಮದಂತೆ ಕಾಲು ಭಾಗಕ್ಕೆ ಇಳಿಯುತ್ತದೆ. ಅಳಿಲಿಗೆ ಇಲ್ಲದ ಬಲವನ್ನು ಬೇಡುವ ಒಂದು ಪಟ್ಟೂ ಅಲ್ಲಿಲ್ಲ. ಹಾಗಾಗಿ ತರಬೇತಿಯ ಅಂಕಗಳನ್ನೆಲ್ಲ ಏಟು ತಡೆದುಕೊಳ್ಳುವುದಕ್ಕೇ ಸುರಿಯಬಹುದು.

ಸುರಿದರೆ ಏನಾಗುತ್ತದೆಂಬುದನ್ನು ನಾನೇ ಪೆನ್ನು ಹಿಡಿದು ಲೆಕ್ಕ ಹಾಕಿದೆ. ಆ ವರ್ಷ ಎಲ್ಲರೂ ಹೆದರುತ್ತಿದ್ದದ್ದು ಮೆಗಾ ಕಾಂಗಸ್ಕಾನ್‌ಗೆ. ಅದು ತಾಯಿ ಮತ್ತು ಮರಿ ಸೇರಿ ಎರಡು ಸಲ ಹೊಡೆಯುವ ಜೀವಿ. ಪೂರ್ಣ ಬಲದಲ್ಲಿ ಬೆಳೆಸಿದ ಕಾಂಗಸ್ಕಾನ್‌ನ 'ರಿಟರ್ನ್' ಎಂಬ ಏಟನ್ನು ತೆಗೆದುಕೊಳ್ಳೋಣ. ಯಾವ ತರಬೇತಿಯೂ ಇಲ್ಲದ ಪಚಿರಿಸುವಿಗೆ 50ನೇ ಹಂತದಲ್ಲಿ ಇರುವ ಪ್ರಾಣಬಲ 135. ಏಟು ಕಡಿಮೆಯೆಂದರೂ 185. ಅಲ್ಲಿಗೆ ಕತೆ ಮುಗಿಯಿತು. ಪ್ರಾಣಬಲಕ್ಕೂ ರಕ್ಷಣೆಗೂ ಪೂರ್ತಿ ಸುರಿದು ಬೆಳೆಸಿದ ಪಚಿರಿಸುವಿಗೆ ಪ್ರಾಣಬಲ 167. ಅದೇ ಏಟು ಹೆಚ್ಚೆಂದರೆ 148. ಮರ್ಮಾಘಾತ ಬೀಳದಿದ್ದರೆ ಅಳಿಲು ಬದುಕುತ್ತದೆ, ಕೈಯಲ್ಲಿರುವ ಸಿಟ್ರಸ್ ಹಣ್ಣನ್ನು ತಿಂದು ಇನ್ನೂ ಕಾಲು ಭಾಗ ತುಂಬಿಕೊಳ್ಳುತ್ತದೆ. ಪವಾಡವೆಂದು ಹಾಡಿ ಹೊಗಳಿದ್ದೆಲ್ಲ ಈ ಹತ್ತೊಂಬತ್ತು ಅಂಕಗಳ ಅಂತರದಂಥದ್ದರಲ್ಲಿ ಅಡಗಿದೆ.

ಹೊಡೆತವನ್ನು ತನ್ನತ್ತ ಸೆಳೆಯುವ ಈ ತಂತ್ರ ನಮಗೆ ಹೊಸದೇನೂ ಅಲ್ಲ. ಯುದ್ಧದ ಹದಿನಾಲ್ಕನೆಯ ಇರುಳು ಕೃಷ್ಣ ಘಟೋತ್ಕಚನನ್ನು ಕರ್ಣನ ಮೇಲೆ ಬಿಟ್ಟದ್ದು ಇದಕ್ಕೇ. ಅರ್ಜುನನಿಗೆಂದು ಕಾದಿರಿಸಿದ್ದ ಇಂದ್ರದತ್ತ ಶಕ್ತಿ ಬೇರೊಬ್ಬನ ಎದೆಯಲ್ಲಿ ವ್ಯಯವಾಗಬೇಕಿತ್ತು. ಆದರೆ ಘಟೋತ್ಕಚ ಸತ್ತ, ಕೃಷ್ಣ ಕುಣಿದ. ಆ ಕುಣಿತವನ್ನು ಸಮರ್ಥಿಸಲು ತಾಳಮದ್ದಳೆಯ ಅರ್ಥಧಾರಿಗಳು ಇಂದಿಗೂ ಬೆವರು ಹರಿಸುತ್ತಾರೆ. ಪಾರ್ಕ್ ಮಾಡಿದ್ದು ಇದಕ್ಕಿಂತ ಒಂದು ಹೆಜ್ಜೆ ಮುಂದಿನದು. ಆ ಒಂದು ಆಯುಧ ಯಾರಿಗೆ ತಾಗಿದರೆ ಹಬ್ಬವಾಗುತ್ತದೋ ಅಂಥವನನ್ನೇ ಹುಡುಕಿ ಮುಂದೆ ನಿಲ್ಲಿಸಿದ.

2014ರ ನಂತರ ಪಚಿರಿಸುವನ್ನು ತಂದು ಸೋತವರ ಸಾಲಿನಲ್ಲಿ ನನ್ನ ಅಳಿಯನೂ ಒಬ್ಬ. ಅವನು, ಸೂರತ್ತಿನ ಒಬ್ಬಳು ಹುಡುಗಿ, ಅಹಮದಾಬಾದಿನ ಇನ್ನೊಬ್ಬ ಹುಡುಗ ಸೇರಿ 'ಪೋಕೆಮಾನ್ ಶೋಡೌನ್' ಎಂಬ ಉಚಿತ ತಾಣದಲ್ಲಿ ಆಡುತ್ತಾರೆ. ಮೂವರ ಮನೆಗಳ ಪರಿಚಯ ಕನ್ನಡದಿಂದ ಆದದ್ದು. ಮೂವರ ಆಟದ ಮಾತು ಮಾತ್ರ ಗುಜರಾತಿ, ಹಿಂದಿ, ಇಂಗ್ಲಿಷುಗಳ ಮಿಶ್ರಣ. ಅಳಿಯ ಅಳಿಲನ್ನು ತಂದ, ಅದರ ಪಕ್ಕದಲ್ಲಿ ಗಾರ್ಚೋಂಪ್ ನಿಲ್ಲಿಸಿದ, 'ಅರ್ತ್‌ಕ್ವೇಕ್' ಒತ್ತಿದ. ಆ ಏಟು ಜೊತೆಗಾರನಿಗೂ ತಾಗುತ್ತದೆ. ವಿದ್ಯುತ್ತಿನ ಜೀವಿಗೆ ನೆಲದ ಏಟು ಇಮ್ಮಡಿ. ತನ್ನ ಅಳಿಲನ್ನು ತಾನೇ ಹೂತ. ಎಲ್ಲರ ಮೇಲೂ ಒಟ್ಟಿಗೆ ಬೀಳುವ ಇಂಥ ಏಟುಗಳನ್ನು 'ಫಾಲೋ ಮಿ' ಸೆಳೆಯಲಾರದೆಂಬುದೂ ಅವನಿಗೆ ತಿಳಿದದ್ದು ನಾಲ್ಕನೆಯ ಸೋಲಿನ ನಂತರ. "ನಾನೂ ಅದೇ ಅಳಿಲನ್ನೇ ಇಟ್ಟಿದ್ದೆ ಮಾವ" ಎಂದು ಗೊಣಗಿದ. ಅಳಿಲೇನೋ ಅದೇ. ಅದು ಕಾಯಬೇಕಾದ ಗ್ಯಾರಡೋಸ್ ಅವನ ತಂಡದಲ್ಲಿ ಇರಲೇ ಇಲ್ಲ.

ಆಗ ನನಗೆ ವಂದನಾರ್ಪಣೆಯ ಅಳಿಲು ನೆನಪಾಯಿತು. ಸೇತುವೆಯ ಅಳಿಲಿನ ಕತೆ ವಾಲ್ಮೀಕಿಯಲ್ಲಿಲ್ಲ. ಅದು ಜನರ ಬಾಯಲ್ಲಿ ಹುಟ್ಟಿ ಬೆಳೆದದ್ದು. ಕಪಿಗಳು ಬಂಡೆ ಹೊತ್ತು ಹಾಕುತ್ತಿದ್ದಾಗ ಅಳಿಲು ಮೈಗೆ ಮರಳು ಮೆತ್ತಿಕೊಂಡು ಬಂದು ಕೊಡವಿತು ಎನ್ನುತ್ತಾರೆ. ನಾವು ಅದರಿಂದ ಎತ್ತಿಕೊಂಡದ್ದು ವಿನಯವನ್ನು ಮಾತ್ರ. ಬಂಡೆಗಳನ್ನು ಎಷ್ಟು ಪೇರಿಸಿದರೂ ಸಂದು ಉಳಿಯುತ್ತದೆ, ಸಂದಿಗೆ ಬೇಕಾದದ್ದು ಮರಳು, ಅದನ್ನು ಅಲ್ಲಿಗೆ ತಲುಪಿಸಲು ಸಂದಿನಲ್ಲಿ ನುಸುಳಬಲ್ಲ ಮೈಯೇ ಬೇಕು ಎಂಬುದನ್ನು ಯಾವ ವಂದನಾರ್ಪಣೆಯಲ್ಲೂ ಕೇಳಿಲ್ಲ. (ನಡುವೆ ಒಂದು ಮಾತು: ಗುಜರಾತಿನ ಉದ್ಯಾನಗಳಲ್ಲಿ ಓಡಾಡುವ 'ಖಿಸ್ಕೋಲಿ'ಯ ಬೆನ್ನಿನ ಮೇಲೆ ಐದು ಪಟ್ಟೆಗಳಿರುತ್ತವೆ, ನಮ್ಮೂರಿನದಕ್ಕೆ ಮೂರು. ಉಳಿದೆರಡು ಯಾರ ಬೆರಳೋ!)

ಈ ನಗರಗಳಲ್ಲಿ ನಾವು ನಡೆಸುವ ಕನ್ನಡ ಕೆಲಸದ ಬಗ್ಗೆ ನನ್ನ ದೂರು ಇದೇ. ಮುಂಬಯಿಯವರ ಹಾಗೆ ನಾಟಕ, ಮುಂಬಯಿಯವರ ಹಾಗೆ ಸನ್ಮಾನ, ಅದರ ಕಾಲುಭಾಗ ಜನ, ಕೊನೆಯಲ್ಲಿ 'ಅಳಿಲು ಸೇವೆ'. 405 ಅಂಕದ ಜೀವಿಯಿಂದ 600 ಅಂಕದ ಆಟ ಆಡಿಸಿ ಸೋತ ಮೇಲೆ ವಿನಯ ತೋರಿಸುವ ಪದ್ಧತಿ ಇದು. 1967ರ ಜ್ಞಾನಪೀಠ ಪ್ರಶಸ್ತಿಯನ್ನು ಕುವೆಂಪು ಅವರೊಂದಿಗೆ ಹಂಚಿಕೊಂಡವರು ಗುಜರಾತಿಯ ಉಮಾಶಂಕರ ಜೋಶಿ. ಅವರಿಗೆ ಪ್ರಶಸ್ತಿ ತಂದ 'ನಿಶೀಥ'ವನ್ನು ನಮ್ಮಲ್ಲಿ ಎಷ್ಟು ಮಂದಿ ಓದಿದ್ದೇವೆ? ಗುಜರಾತಿಯಿಂದ ಹಿಂದಿ, ಇಂಗ್ಲಿಷುಗಳ ಹಂಗಿಲ್ಲದೆ ನೇರವಾಗಿ ಕನ್ನಡಕ್ಕೆ ತರಬಲ್ಲವರು ಬೆಂಗಳೂರಿನಲ್ಲಿ ಎಷ್ಟು ಸಿಕ್ಕಾರು? ಶಾಲೆಯಲ್ಲಿ ಗುಜರಾತಿ ಓದಿ, ಮನೆಯಲ್ಲಿ ಅಜ್ಜಿಯೊಡನೆ ಕನ್ನಡ ಆಡುವ ಮಕ್ಕಳು ಈ ಮೂರು ಊರುಗಳಲ್ಲಿದ್ದಾರೆ. ಅವರನ್ನು ನಾವು ಸ್ವಾಗತಗೀತೆಗೆ ನಿಲ್ಲಿಸಿ ಕಳುಹಿಸುತ್ತೇವೆ.

ಅವರ ಆಟದ ಮಾತನ್ನಂತೂ ಕೇಳುವವರೇ ಇಲ್ಲ. ಗುಜರಾತಿನ ಹಿರಿಯರು ಈ ಆಟಗಳ ಬಗ್ಗೆ ಮಾತಾಡಿಲ್ಲವೆಂದಲ್ಲ. 2016ರ ಸೆಪ್ಟೆಂಬರಿನಲ್ಲಿ, ಮೊಬೈಲಿನ ಪೋಕೆಮಾನ್ ಗೋ ಆಟದ ಮೊಟ್ಟೆಗಳು ಗುಡಿ, ಬಸದಿಗಳಲ್ಲಿ ಕಾಣಿಸಿಕೊಳ್ಳುತ್ತವೆಂಬ ಸಾರ್ವಜನಿಕ ಹಿತಾಸಕ್ತಿ ಅರ್ಜಿಯ ಮೇಲೆ ಅಹಮದಾಬಾದಿನಲ್ಲಿರುವ ಹೈಕೋರ್ಟು ನೋಟಿಸು ಹೊರಡಿಸಿತು. ಆಗಿನ್ನೂ ಆಟ ಭಾರತದಲ್ಲಿ ಅಧಿಕೃತವಾಗಿ ಬಿಡುಗಡೆಯೇ ಆಗಿರಲಿಲ್ಲ. 2019ರ ಮಾರ್ಚಿನಲ್ಲಿ ಬೇರೊಂದು ಆಟವಾದ ಪಬ್‌ಜಿಯನ್ನು ರಾಜಕೋಟ್, ಸೂರತ್ ಮೊದಲಾದೆಡೆ ನಿಷೇಧಿಸಿದರು. ರಾಜಕೋಟಿನಲ್ಲಿ ವಿದ್ಯಾರ್ಥಿಗಳನ್ನು ಬಂಧಿಸಿದ್ದೂ ಉಂಟು. ಮೊಟ್ಟೆಯ ದೂರನ್ನು ನಾನು ಹಗುರಾಗಿ ಕಾಣುವುದಿಲ್ಲ. ಸಸ್ಯಾಹಾರಿಗಳ ನೆರೆಯಲ್ಲಿ ಇಷ್ಟು ವರ್ಷ ಬಾಳಿದವನಿಗೆ ಅದರ ಹಿಂದಿನ ನೋವು ತಿಳಿಯುತ್ತದೆ. ಮಕ್ಕಳು ಹೊತ್ತುಗೊತ್ತಿಲ್ಲದೆ ಪರದೆ ನೋಡುವುದೂ ನಿಜವಾದ ತೊಂದರೆಯೇ. ಆದರೆ ಇಷ್ಟೆಲ್ಲ ಗದ್ದಲದಲ್ಲಿ ಆ ಮಕ್ಕಳು ತಲೆಯೊಳಗೆ ಯಾವ ಲೆಕ್ಕ ಹಾಕುತ್ತಿದ್ದಾರೆಂದು ಕೇಳಿದವರನ್ನು ನಾನು ಕಾಣಲಿಲ್ಲ. ನಾನೂ ಕೇಳಿರಲಿಲ್ಲ.

ಕೇಳಲು ಕುಳಿತ ಮೇಲೆ ಒಂದು ಶರತ್ತು ಹಾಕಿದೆ: ತಂತ್ರವನ್ನು ಕನ್ನಡದಲ್ಲಿ ಹೇಳಬೇಕು. ಮೊದಲ ದಿನ ಅಳಿಯ ತಡವರಿಸಿದ. 'ಸ್ವಿಚ್' ಮಾಡುವುದಕ್ಕೆ, ಅಂದರೆ ಸೋಲುವ ಜೀವಿಯನ್ನು ಹಿಂದಕ್ಕೆ ಕರೆದು ಇನ್ನೊಂದನ್ನು ಮುಂದೆ ಬಿಡುವುದಕ್ಕೆ, ಏನನ್ನಬೇಕೆಂದು ಕೇಳಿದ. ಈ ನಡೆಯೇ ಅವನಿಗೆ ಒಗ್ಗುತ್ತಿರಲಿಲ್ಲ, ಓಡಿಹೋದಂತೆ ಅನ್ನಿಸುತ್ತದಂತೆ. ಅವನನ್ನು ಡಾಕೋರಿಗೆ ಕರೆದೊಯ್ದೆ. ವಡೋದರದಿಂದ ದೂರವೇನಿಲ್ಲ. ಅಲ್ಲಿ ಕೃಷ್ಣನಿಗೆ ರಣಛೋಡರಾಯನೆಂದೇ ಹೆಸರು. ರಣವನ್ನು ಬಿಟ್ಟು ಓಡಿದವನನ್ನು ಆ ಹೆಸರಿನಿಂದಲೇ ಪೂಜಿಸುವ ನಾಡು ಇದು. ಓಡಿದ್ದಾದರೂ ಸುಮ್ಮನೆಯೆ? ಕಾಲಯವನನನ್ನು ಬೆನ್ನಟ್ಟಿಸಿಕೊಂಡು ಹೋಗಿ ಮುಚುಕುಂದ ಮಲಗಿದ್ದ ಗುಹೆಗೆ ಹೊಗಿಸಿದ; ಸುಟ್ಟದ್ದು ಮುಚುಕುಂದನ ಕಣ್ಣು. ಅಳಿಯ ಪ್ರಸಾದ ತಿನ್ನುತ್ತಲೇ, "ಅಂದ್ರೆ ಸರಿಯಾದವನನ್ನ ಸ್ವಿಚ್ ಇನ್ ಮಾಡಿದ" ಎಂದ.

ಈಗ ಅವರ ಮೂವರ ನಡುವೆ ಆ ನಡೆಗೆ 'ರಣಛೋಡ' ಎಂದೇ ಹೆಸರು. ಎದುರಾಳಿ ಹಿಂದೆ ಸರಿಯದಂತೆ ಕಟ್ಟಿಹಾಕುವ ಗಾಥಿಟೆಲ್ ಎಂಬ ಜೀವಿ ಪಾರ್ಕ್‌ನ ತಂಡದಲ್ಲೂ ಇತ್ತು. ಸೂರತ್ತಿನ ಹುಡುಗಿ ಅದನ್ನು ತಂದಾಗಲೆಲ್ಲ "ರಣಛೋಡ ಬಂದ್" ಎಂದು ಕೂಗುತ್ತಾಳೆ. 'ಫಾಲೋ ಮಿ'ಗೆ ನಾನು 'ಇತ್ತ ಹೊಡೆ' ಎಂದು ಸೂಚಿಸಿದೆ. ಅವರಿಗೆ ಹಿಡಿಸಲಿಲ್ಲ. ಅಹಮದಾಬಾದಿನ ಹುಡುಗ 'ಬಾರೋ' ಎಂದ, ಅದು ನಿಂತಿತು. ಅಳಿಯ ತಂಡವನ್ನು ಹೊಸದಾಗಿ ಕಟ್ಟಿದ್ದಾನೆ, ಈ ಸಲ ಗ್ಯಾರಡೋಸ್ ಇದೆ. ಕಳೆದ ಭಾನುವಾರ ಅಳಿಲು 'ಬಾರೋ' ಎಂದಿತು, ಎದುರಿನ ರೋಟಮ್‌ನ ಮಿಂಚು ಅದರ ಮೇಲೆ ಬಿತ್ತು, ಪ್ರಾಣಬಲ ತುಂಬಿತು. ಮುಂದಿನ ಸುತ್ತಿನಲ್ಲಿ ಸೂರತ್ತಿನವಳು ಗಾರ್ಚೋಂಪ್ ಇಳಿಸಿದಳು. ಅಳಿಯ ಅಳಿಲನ್ನು ಹಿಂದಕ್ಕೆ ಕರೆದುಕೊಂಡ.