ಬಾಂಬಿನ ವಕೀಲರಿಗೆ ಒಂದು ಪ್ರತ್ಯುತ್ತರ

2022ರ ಸೆಪ್ಟೆಂಬರ್ 21ರಂದು ರಷ್ಯಾ ಅಧ್ಯಕ್ಷ ವ್ಲಾಡಿಮಿರ್ ಪುಟಿನ್ ಟಿ.ವಿ.ಯಲ್ಲಿ ಮಾತನಾಡಿ ಎರಡು ಸಂಗತಿ ಹೇಳಿದರು. ಉಕ್ರೇನ್ ಯುದ್ಧಕ್ಕೆ ಮೀಸಲು ಯೋಧರನ್ನು ಕರೆಸಿಕೊಳ್ಳುವ ‘ಭಾಗಶಃ ಜಮಾವಣೆ’ ಒಂದು. ದೇಶದ ಅಖಂಡತೆಗೆ ಕುತ್ತು ಬಂದರೆ ನಮ್ಮಲ್ಲಿರುವ ಎಲ್ಲ ಅಸ್ತ್ರಗಳನ್ನೂ ಬಳಸುತ್ತೇವೆ, ಇದು ಪೊಳ್ಳು ಬೆದರಿಕೆಯಲ್ಲ ಎಂಬ ಎಚ್ಚರಿಕೆ ಇನ್ನೊಂದು. ಈ ಭಾಷಣಕ್ಕೆ ವಕಾಲತ್ತು ಹಾಕುವವರು ನಮ್ಮಲ್ಲೂ ಬೇಕಾದಷ್ಟು ಮಂದಿ ಇದ್ದಾರೆ. ಟಿ.ವಿ. ಚರ್ಚೆಗಳಲ್ಲಿ, ಅಂಕಣಗಳಲ್ಲಿ, ಪಾರ್ಕಿನ ಬೆಂಚುಗಳಲ್ಲಿ ಅವರ ವಾದಗಳು ಇಂದಿಗೂ ಓಡಾಡುತ್ತಿವೆ. ಅವುಗಳನ್ನು ಒಂದೊಂದಾಗಿ ಎತ್ತಿಕೊಳ್ಳುತ್ತೇನೆ. ತೀರ್ಪು ಓದುಗರಿಗೆ ಬಿಟ್ಟದ್ದು.

ಜಮಾವಣೆ ಭಾಗಶಃ ಅಷ್ಟೇ, ಎರಡೂವರೆ ಕೋಟಿ ಮೀಸಲು ಬಲದಲ್ಲಿ ಕರೆದದ್ದು ನೂರಕ್ಕೆ ಒಬ್ಬರನ್ನು, ಇದು ಶಕ್ತಿಪ್ರದರ್ಶನವೇ ಹೊರತು ದೌರ್ಬಲ್ಯವಲ್ಲ ಎನ್ನುವುದು ಅವರ ಮೊದಲ ವಾದ. ಶಕ್ತಿಯ ಪ್ರಶ್ನೆಗೆ ಮೊದಲು ಮಾತಿನ ಪ್ರಶ್ನೆ ಬರಲಿ. ಅದೇ ವರ್ಷದ ಮಾರ್ಚ್ 8ರಂದು, ಮಹಿಳಾ ದಿನದ ಭಾಷಣದಲ್ಲಿ, ಸೈನಿಕರ ತಾಯಂದಿರು ಹೆಂಡಂದಿರನ್ನು ಉದ್ದೇಶಿಸಿ ಪುಟಿನ್ ಮಾತು ಕೊಟ್ಟಿದ್ದರು: ಕಡ್ಡಾಯ ಸೇವೆಯ ಹುಡುಗರು ಈ ಯುದ್ಧದಲ್ಲಿ ಇಲ್ಲ, ಮೀಸಲು ಯೋಧರನ್ನು ಹೆಚ್ಚುವರಿಯಾಗಿ ಕರೆಯುವುದೂ ಇಲ್ಲ. ಮಾತಿನ ಮೊದಲರ್ಧ ಮರುದಿನವೇ ಬಿತ್ತು. ಕಡ್ಡಾಯ ಸೇವೆಯವರೂ ಉಕ್ರೇನಿಗೆ ಹೋಗಿದ್ದಾರೆಂದು ರಕ್ಷಣಾ ಸಚಿವಾಲಯವೇ ಒಪ್ಪಿಕೊಂಡಿತು. ಉಳಿದರ್ಧ ಸೆಪ್ಟೆಂಬರಿನವರೆಗೆ ತಾಳಿತು. ಮುಂಚೂಣಿ ಸಾವಿರ ಕಿ.ಮೀ. ಮೀರಿದೆ, ಅದಕ್ಕೇ ಜನ ಬೇಕು ಎಂಬ ಕಾರಣವನ್ನು ಪುಟಿನ್ ಕೊಟ್ಟರು. ಕೀವ್‌ವರೆಗೆ ಚಾಚಿಕೊಂಡಿದ್ದ ಮಾರ್ಚಿನ ಮುಂಚೂಣಿ ಅದಕ್ಕಿಂತಲೂ ಉದ್ದವಿತ್ತು. ಆಗ ಬೇಡವಾಗಿದ್ದ ಜನ ಈಗೇಕೆ ಬೇಕಾದರು? ನಡುವೆ ಆದದ್ದು ಇಷ್ಟು: ಸೆಪ್ಟೆಂಬರಿನ ಮೊದಲೆರಡು ವಾರಗಳಲ್ಲಿ ಖಾರ್ಕಿವ್ ಪ್ರಾಂತ್ಯದ ಬಲಾಕ್ಲಿಯಾ, ಕುಪ್ಯಾನ್ಸ್ಕ್, ಇಝಿಯುಮ್ ಪಟ್ಟಣಗಳಿಂದ ರಷ್ಯನ್ ಸೇನೆ ಓಟ ಕಿತ್ತಿತ್ತು.

ಭಾಷಣದ ಬೆನ್ನಿಗೇ ರಕ್ಷಣಾ ಸಚಿವ ಸೆರ್ಗೈ ಶೊಯಿಗು ಎರಡು ಅಂಕಿ ಕೊಟ್ಟರು. ಅದುವರೆಗೆ ಸತ್ತವರು 5,937. ಈಗ ಕರೆಯುವುದು ಮೂರು ಲಕ್ಷ. ಸತ್ತ ಒಬ್ಬೊಬ್ಬನ ಜಾಗಕ್ಕೆ ಐವತ್ತು ಜನ! ಇದರಲ್ಲಿ ಒಂದೋ ಸತ್ತವರ ಲೆಕ್ಕ ಸುಳ್ಳು, ಇಲ್ಲವೇ ಎಲ್ಲವೂ ಯೋಜನೆಯಂತೆ ನಡೆದಿದೆ ಎಂಬ ಕ್ರೆಮ್ಲಿನ್‌ನ ಮಾತು ಸುಳ್ಳು. ಎರಡೂ ಸುಳ್ಳಿರಬಹುದು, ಎರಡೂ ನಿಜವಿರಲಾರದು. ಇನ್ನು ‘ಭಾಗಶಃ’ ಎಂಬುದು ಎಷ್ಟು ಭಾಗ? ಆದೇಶದ ಏಳನೆಯ ಅಂಶವನ್ನು ಪ್ರಕಟಿಸಲೇ ಇಲ್ಲ. ಕರೆಯುವವರ ಸಂಖ್ಯೆ ಇರುವುದು ಅದರಲ್ಲೇ ಎಂದು ಅಧ್ಯಕ್ಷರ ವಕ್ತಾರ ದ್ಮಿತ್ರಿ ಪೆಸ್ಕೊವ್ ಹೇಳಿದರು. ಮಿತಿಯನ್ನು ಗುಟ್ಟಾಗಿಟ್ಟು ಮಿತಿಯಿದೆ ಎಂದು ನಂಬಿಸುವುದು ಒಂದು ಕಲೆ. ರಷ್ಯನ್ನರು ಮಾತ್ರ ನಂಬಲಿಲ್ಲ. ಜಾರ್ಜಿಯಾ ಗಡಿಯ ವೆರ್ಖ್ನಿ ಲಾರ್ಸ್‌ನಲ್ಲಿ ಕಾರುಗಳ ಸಾಲು ಕಿ.ಮೀ.ಗಟ್ಟಲೆ ಬೆಳೆಯಿತು. ಎರಡೇ ವಾರದಲ್ಲಿ ಎರಡು ಲಕ್ಷಕ್ಕೂ ಹೆಚ್ಚು ರಷ್ಯನ್ನರು ಗಡಿ ದಾಟಿ ಬಂದರೆಂದು ಕಜಕಸ್ತಾನ ಸರ್ಕಾರ ಹೇಳಿತು. ದಾಗೆಸ್ತಾನದ ಮಖಾಚ್‌ಕಲಾದಲ್ಲಿ ಹೆಂಗಸರು ಬೀದಿಗಿಳಿದು ಪೊಲೀಸರನ್ನು ತರಾಟೆಗೆ ತೆಗೆದುಕೊಂಡರು. ಸೆಪ್ಟೆಂಬರ್ 29ರಂದು ಪುಟಿನ್ ಅವರೇ ತಪ್ಪುಗಳಾಗಿವೆ ಎಂದು ಒಪ್ಪಬೇಕಾಯಿತು: ಹಲವು ಮಕ್ಕಳ ತಂದೆಯರು, ದೀರ್ಘಕಾಲದ ಕಾಯಿಲೆಯವರು, ವಯಸ್ಸು ಮೀರಿದವರು, ಎಲ್ಲರಿಗೂ ಕರೆಪತ್ರ ಹೋಗಿತ್ತು. ಶಕ್ತಿಪ್ರದರ್ಶನ ಇದೇ ಆದರೆ ದೌರ್ಬಲ್ಯ ಹೇಗಿರುತ್ತದೆಂದು ವಕೀಲರು ವಿವರಿಸಬೇಕು.

ಇನ್ನೊಂದು ವಾದ: ಅಣುಬಾಂಬಿನ ಮಾತು ಮೊದಲೆತ್ತಿದ್ದು ಪಶ್ಚಿಮದವರು, ಪುಟಿನ್ ಉತ್ತರ ಕೊಟ್ಟರು ಅಷ್ಟೇ. ಸಾಕ್ಷಿಯಾಗಿ ಲಿಜ್ ಟ್ರಸ್ ಹೆಸರು ಬರುತ್ತದೆ. 2022ರ ಆಗಸ್ಟಿನಲ್ಲಿ, ಬ್ರಿಟನ್ನಿನ ಪ್ರಧಾನಿ ಪಟ್ಟಕ್ಕೆ ಪಕ್ಷದೊಳಗೆ ಪೈಪೋಟಿ ನಡೆದಿದ್ದಾಗ, ಅಣ್ವಸ್ತ್ರ ಪ್ರಯೋಗದ ಆದೇಶ ಕೊಡಬೇಕಾಗಿ ಬಂದರೆ ಏನು ಮಾಡುತ್ತೀರಿ ಎಂಬ ಪ್ರಶ್ನೆಗೆ ಸಿದ್ಧಳಿದ್ದೇನೆ ಎಂದರು. ಉತ್ತರ ಪ್ರಬುದ್ಧವಾಗಿತ್ತೆಂದು ನಾನು ಹೇಳುವುದಿಲ್ಲ. ಆದರೆ ಕ್ಯಾಲೆಂಡರ್ ನೋಡಿ. ಫೆಬ್ರುವರಿ 24ರಂದು, ದಾಳಿ ಶುರುವಾದ ಬೆಳಗಿನ ಭಾಷಣದಲ್ಲೇ, ಅಡ್ಡ ಬಂದವರು ಇತಿಹಾಸದಲ್ಲಿ ಕಂಡಿರದ ಪರಿಣಾಮ ಎದುರಿಸಬೇಕಾದೀತು ಎಂದವರು ಪುಟಿನ್. ಫೆಬ್ರುವರಿ 27ರಂದು ಅಣ್ವಸ್ತ್ರ ಪಡೆಗಳನ್ನು ವಿಶೇಷ ಕಟ್ಟೆಚ್ಚರದಲ್ಲಿ ಇರಿಸಲು ಶೊಯಿಗು ಅವರಿಗೆ ಕ್ಯಾಮೆರಾ ಮುಂದೆ ಆದೇಶಿಸಿದವರೂ ಅವರೇ. ಫೆಬ್ರುವರಿಯ ಮಾತು ಆಗಸ್ಟಿನ ಮಾತಿಗೆ ಉತ್ತರವಾಗುವುದು ಯಾವ ಪಂಚಾಂಗದಲ್ಲಿ? ಅದಕ್ಕೂ ಏಳು ವಾರ ಹಿಂದೆ, ಜನವರಿ 3ರಂದು, ಅಣುಯುದ್ಧವನ್ನು ಗೆಲ್ಲಲಾಗದು, ಅದನ್ನು ಎಂದೂ ಹೂಡಬಾರದು ಎಂಬ, ಅಣ್ವಸ್ತ್ರವಿರುವ ಪಂಚರಾಷ್ಟ್ರಗಳ ಜಂಟಿ ಹೇಳಿಕೆಗೆ ರಷ್ಯಾವೂ ಸೇರಿಕೊಂಡಿತ್ತು. ಅಕ್ಟೋಬರ್ 27ರ ವಾಲ್ದಾಯ್ ಚರ್ಚಾಕೂಟದ ಸಭೆಯಲ್ಲಂತೂ ಪುಟಿನ್, ಅಣ್ವಸ್ತ್ರ ಬಳಸುವ ಮಾತನ್ನು ನಾವಾಗಿ ಎಂದೂ ಆಡಿಲ್ಲ, ಅದರಿಂದ ರಾಜಕೀಯವಾಗಿಯೂ ಸೈನಿಕವಾಗಿಯೂ ಪ್ರಯೋಜನವಿಲ್ಲ ಎಂದುಬಿಟ್ಟರು. ಸೆಪ್ಟೆಂಬರಿನಲ್ಲಿ ಪೊಳ್ಳಲ್ಲದ ಬೆದರಿಕೆ, ಅಕ್ಟೋಬರಿನಲ್ಲಿ ಆಡದೇ ಇದ್ದ ಮಾತು! ವಕೀಲರು ಕಕ್ಷಿದಾರನೊಂದಿಗೆ ಒಮ್ಮೆ ಕೂತು ಮಾತಾಡಿಕೊಂಡು ಬರುವುದು ಒಳ್ಳೆಯದು.

ಮೂರನೆಯ ವಾದ ಕೇಳಲು ಕಾನೂನುಬದ್ಧವಾಗಿದೆ. ದೊನೆಟ್ಸ್ಕ್, ಲುಹಾನ್ಸ್ಕ್, ಝಪೊರಿಝಿಯಾ, ಖೆರ್ಸಾನ್ ಪ್ರಾಂತ್ಯಗಳು ಜನಮತದ ಮೂಲಕ ರಷ್ಯಾ ಸೇರಿವೆ, ಸ್ವಂತ ನೆಲವನ್ನು ಯಾವ ಅಸ್ತ್ರದಿಂದಲಾದರೂ ಕಾಯ್ದುಕೊಳ್ಳುವ ಹಕ್ಕು ಎಲ್ಲ ದೇಶಗಳಿಗೂ ಇದೆ ಎನ್ನುತ್ತಾರೆ. ಜನಮತ ನಡೆದದ್ದು ಸೆಪ್ಟೆಂಬರ್ 23ರಿಂದ 27ರವರೆಗೆ, ಆಕ್ರಮಿತ ಪ್ರದೇಶದಲ್ಲಿ, ಕೋವಿ ಹಿಡಿದವರ ಕಾವಲಲ್ಲಿ. ದೊನೆಟ್ಸ್ಕ್‌ನಲ್ಲಿ ಪರವಾಗಿ ಬಿದ್ದ ಮತ ಶೇ 99 ಎಂದರು. ಝಪೊರಿಝಿಯಾ ನಗರವಂತೂ ಅಂದೂ ರಷ್ಯಾದ ಕೈಯಲ್ಲಿರಲಿಲ್ಲ, ಇಂದೂ ಇಲ್ಲ. ಸೆಪ್ಟೆಂಬರ್ 30ರಂದು ನಾಲ್ಕೂ ಪ್ರಾಂತ್ಯಗಳು ‘ಎಂದೆಂದಿಗೂ’ ರಷ್ಯಾದವಾದವು. ಗಡಿ ಎಲ್ಲಿದೆ ಎಂದು ಕೇಳಿದ್ದಕ್ಕೆ, ಖೆರ್ಸಾನ್ ಮತ್ತು ಝಪೊರಿಝಿಯಾ ವಿಷಯದಲ್ಲಿ ಅಲ್ಲಿನ ಜನರೊಂದಿಗೆ ಸಮಾಲೋಚನೆ ಮುಂದುವರಿಸುತ್ತೇವೆ ಎಂಬ ಉತ್ತರ ಪೆಸ್ಕೊವ್ ಅವರಿಂದ ಬಂತು. ಪಹಣಿಯಿಲ್ಲ, ಸರ್ವೆ ಆಗಿಲ್ಲ, ಚಕ್ಕುಬಂದಿ ಗೊತ್ತಿಲ್ಲ. ಆದರೆ ಬೇಲಿ ದಾಟಿದವನನ್ನು ಸುಡುತ್ತೇನೆ ಎನ್ನುವ ಜಮೀನುದಾರನ ವಾದ ಇದು.

ಈ ವಾದವನ್ನು ಪರೀಕ್ಷಿಸಲು ನಾವು ಶ್ರಮಪಡಬೇಕಾಗಿಲ್ಲ, ಯುದ್ಧವೇ ಪರೀಕ್ಷಿಸಿತು. ಸೇರ್ಪಡೆಯ ಮರುದಿನವೇ ದೊನೆಟ್ಸ್ಕ್ ಪ್ರಾಂತ್ಯದ ಲೈಮನ್ ಪಟ್ಟಣ ರಷ್ಯಾದ ಕೈತಪ್ಪಿತು. ಚೆಚೆನ್ಯಾದ ಮುಖ್ಯಸ್ಥ ರಮ್ಜಾನ್ ಕದಿರೊವ್ ಕಡಿಮೆ ತೀವ್ರತೆಯ ಅಣ್ವಸ್ತ್ರ ಬಳಸಿ ಎಂದು ಕೂಗಿದರು. ಭಾವೋದ್ವೇಗ ಬೇಡ ಎಂದು ಕ್ರೆಮ್ಲಿನ್ ಸುಮ್ಮನಾಗಿಸಿತು. ಆರೇ ವಾರದಲ್ಲಿ, ನವೆಂಬರ್ 11ರಂದು, ಹೊಸ ‘ರಷ್ಯನ್’ ಪ್ರಾಂತ್ಯದ ರಾಜಧಾನಿ ಖೆರ್ಸಾನ್ ನಗರಕ್ಕೆ ಉಕ್ರೇನ್ ಸೇನೆ ಕಾಲಿಟ್ಟಿತು. 2024ರ ಆಗಸ್ಟಿನಲ್ಲಿ ಉಕ್ರೇನಿನ ಪಡೆಗಳು ಯಾರೂ ತಕರಾರು ಮಾಡದ, ಅಪ್ಪಟ ರಷ್ಯಾದ ಕುರ್ಸ್ಕ್ ಪ್ರಾಂತ್ಯಕ್ಕೇ ನುಗ್ಗಿ ತಿಂಗಳುಗಟ್ಟಲೆ ಅಲ್ಲಿದ್ದವು. 2025ರ ಜೂನ್ 1ರಂದು ಅಣ್ವಸ್ತ್ರ ಹೊರಬಲ್ಲ ಬಾಂಬರ್ ವಿಮಾನಗಳೇ ನೆಲದ ಮೇಲೆ ನಿಂತಲ್ಲಿ ಡ್ರೋನ್‌ಗಳಿಗೆ ತುತ್ತಾದವು. ಬಾಂಬು ಹೊರಬರಲಿಲ್ಲ; ಬರದಿದ್ದುದು ಜಗತ್ತಿನ ಪುಣ್ಯ. ಆದರೆ ವಕೀಲರು ಎರಡರಲ್ಲಿ ಒಂದನ್ನು ಆರಿಸಿಕೊಳ್ಳಲೇಬೇಕು. ಖೆರ್ಸಾನ್ ನಿಜಕ್ಕೂ ರಷ್ಯಾದ ನೆಲವೆಂದು ಕ್ರೆಮ್ಲಿನ್ ನಂಬಿರಲಿಲ್ಲ, ಇಲ್ಲವೇ ಸೆಪ್ಟೆಂಬರ್ 21ರ ಎಚ್ಚರಿಕೆ ಅಖಂಡತೆಯ ರಕ್ಷಣೆಗೆ ಕೊಟ್ಟದ್ದಾಗಿರಲಿಲ್ಲ. ಅಂದು ಜಾರಿಯಲ್ಲಿದ್ದ 2020ರ ರಷ್ಯನ್ ಅಣ್ವಸ್ತ್ರ ನೀತಿ ಕೂಡ ಸಾಂಪ್ರದಾಯಿಕ ಯುದ್ಧದಲ್ಲಿ ಬಾಂಬು ಬಳಸಲು ಅವಕಾಶ ಕೊಟ್ಟಿದ್ದು ರಾಷ್ಟ್ರದ ಅಸ್ತಿತ್ವಕ್ಕೇ ಸಂಚಕಾರ ಬಂದಾಗ ಮಾತ್ರ. ಅಖಂಡತೆಯ ಮಾತು ಆ ನಿಯಮಕ್ಕೆ ಸೇರಿದ್ದು 2024ರ ನವೆಂಬರಿನಲ್ಲಿ, ಭಾಷಣ ಮುಗಿದು ಎರಡು ವರ್ಷಕ್ಕೆ.

ನೇಟೊ ಗಡಿಗೆ ಬಂದದ್ದರಿಂದ ಬೇರೆ ದಾರಿಯಿರಲಿಲ್ಲ ಎಂಬ ವಾದಕ್ಕೆ ಹೆಚ್ಚು ಜಾಗ ಬೇಡ. 2023ರ ಏಪ್ರಿಲಿನಲ್ಲಿ ಫಿನ್ಲೆಂಡ್ ನೇಟೊ ಸೇರಿತು. ರಷ್ಯಾದೊಂದಿಗೆ ಅದರ ಗಡಿ 1,300 ಕಿ.ಮೀ. ದಾಟುತ್ತದೆ. ಅಲ್ಲಿಗೆ ಜಮಾವಣೆಯಾಗಲಿಲ್ಲ, ದಾಳಿಯಾಗಲಿಲ್ಲ. ನೇಟೊ ಸೇರದ ನೆರೆಯವನ ಮೇಲೆ ಮೂರು ಲಕ್ಷ ಜನ, ಸೇರಿದವನ ಮೇಲೆ ಗೊಣಗಾಟ.

ಈಗ ಅವರ ಬತ್ತಳಿಕೆಯ ದೊಡ್ಡ ಬಾಣ. ಅಣ್ವಸ್ತ್ರವಿರುವ ದೇಶವನ್ನು ಸೋಲಿಸಲಾಗದು. ಆದ್ದರಿಂದ ಕೇಳಿದ್ದನ್ನು ಕೊಟ್ಟು ಶಾಂತಿ ಕೊಳ್ಳುವುದೇ ವಿವೇಕ. ಮೊದಲ ಅರ್ಧ ಇತಿಹಾಸವಲ್ಲ. ಅಮೆರಿಕ ವಿಯೆಟ್ನಾಮಿನಲ್ಲಿ ಸೋತಿತು. 1979ರಲ್ಲಿ ಅದೇ ವಿಯೆಟ್ನಾಮಿಗೆ ಪಾಠ ಕಲಿಸಲು ಹೋದ ಚೀನಾ ಒಂದೇ ತಿಂಗಳಲ್ಲಿ ಹಿಂದಿರುಗಿತು. ಸೋವಿಯತ್ ಸೇನೆ 1989ರ ಫೆಬ್ರುವರಿಯಲ್ಲಿ ಆಫ್ಘಾನಿಸ್ತಾನದಿಂದ ಹೊರಬಿದ್ದಾಗ ಮಾಸ್ಕೋದ ಬಳಿ ಸಾವಿರಾರು ಸಿಡಿತಲೆಗಳಿದ್ದವು. ಒಂದೂ ಉಪಯೋಗಕ್ಕೆ ಬರಲಿಲ್ಲ. ನಿಜಕ್ಕೂ ಈ ವಾದಕ್ಕೆ ಅತ್ಯುತ್ತಮ ಖಂಡನೆ ಜಮಾವಣೆಯ ಆದೇಶವೇ. ಬಾಂಬು ಊರು ಗೆದ್ದುಕೊಡುವುದಾಗಿದ್ದರೆ ಸಮಾರಾದ ಡ್ರೈವರನನ್ನೂ ಬುರ್ಯಾತಿಯಾದ ಕೂಲಿಯನ್ನೂ ಕಂದಕಕ್ಕೆ ಕಳಿಸಬೇಕಾಗಿರಲಿಲ್ಲ.

ಉಳಿದರ್ಧ, ಅಂದರೆ ಮಣಿಯುವುದೇ ವಿವೇಕ ಎನ್ನುವುದು, ನಮ್ಮವರ ಬಾಯಲ್ಲಿ ವಿಶೇಷವಾಗಿ ವಿಚಿತ್ರ. 1999ರಲ್ಲಿ ಪಾಕಿಸ್ತಾನ ಬಾಂಬು ಪರೀಕ್ಷಿಸಿ ಒಂದು ವರ್ಷವಾಗಿತ್ತು. ಕಾರ್ಗಿಲ್ ಶಿಖರಗಳನ್ನು ಬಿಟ್ಟುಕೊಡಿ, ಶಾಂತಿ ಇರುತ್ತದೆ ಎಂದು ಆಗ ಯಾರೂ ಹೇಳಲಿಲ್ಲ. 2025ರ ಮೇ 12ರಂದು ಪ್ರಧಾನಿ ನರೇಂದ್ರ ಮೋದಿ ಅಣ್ವಸ್ತ್ರದ ಬ್ಲ್ಯಾಕ್‌ಮೇಲ್ ಸಹಿಸುವುದಿಲ್ಲ ಎಂದಾಗ ಚಪ್ಪಾಳೆ ತಟ್ಟಿದವರಲ್ಲಿ ಈ ವಕೀಲರೂ ಇದ್ದರು. ಇಸ್ಲಾಮಾಬಾದಿನಿಂದ ಬಂದರೆ ಬ್ಲ್ಯಾಕ್‌ಮೇಲ್, ಮಾಸ್ಕೋದಿಂದ ಬಂದರೆ ವಾಸ್ತವ ಪ್ರಜ್ಞೆ! ಜೊತೆಗೆ ಉಕ್ರೇನ್ 1994ರ ಬುಡಾಪೆಸ್ಟ್ ಒಪ್ಪಂದದಂತೆ ತನ್ನ ನೆಲದಲ್ಲಿದ್ದ ಸಿಡಿತಲೆಗಳನ್ನೆಲ್ಲ ರಷ್ಯಾಕ್ಕೆ ಒಪ್ಪಿಸಿದ ದೇಶ. ಪ್ರತಿಯಾಗಿ ಅದರ ಗಡಿಗಳನ್ನು ಗೌರವಿಸುತ್ತೇವೆಂದು ಸಹಿ ಹಾಕಿದವರಲ್ಲಿ ರಷ್ಯಾ ಒಂದು. ಬಾಂಬು ಬಿಟ್ಟವನು ನೆಲವನ್ನೂ ಬಿಡಲಿ ಎಂದಾದರೆ ನಾಳೆ ಯಾವ ದೇಶ ಬಾಂಬಿಲ್ಲದೆ ಇರಲು ಒಪ್ಪೀತು? ಶಾಂತಿಯ ಹೆಸರಲ್ಲಿ ಇವರು ಹತ್ತು ಹೊಸ ಬಾಂಬುಗಳಿಗೆ ಅರ್ಜಿ ಬರೆದುಕೊಡುತ್ತಿದ್ದಾರೆ.

ಹಿರೋಶಿಮಾದ ಮೂಲಕ ಅಮೆರಿಕವೇ ಪೂರ್ವನಿದರ್ಶನ ಹಾಕಿಕೊಟ್ಟಿತು ಎಂದು ಪುಟಿನ್ ಸೆಪ್ಟೆಂಬರ್ 30ರಂದು ಹೇಳಿದ್ದನ್ನು ಇವರು ಭಕ್ತಿಯಿಂದ ಉದ್ಧರಿಸುತ್ತಾರೆ. ಹಿರೋಶಿಮಾ ಘೋರ ಅಪರಾಧ ಎನ್ನುವುದಾದರೆ ಅದು ಯಾರಿಗೂ ಪರವಾನಗಿಯಲ್ಲ. ಪರವಾನಗಿ ಎನ್ನುವುದಾದರೆ ಅಮೆರಿಕವನ್ನು ದೂರುವ ಹಕ್ಕು ಹೋಯಿತು.

ಎದುರು ಪಾಳಯದ ಒಂದು ಮಾತಿಗೂ ಉತ್ತರ ಬಾಕಿಯಿದೆ. ಅಣುಬೆದರಿಕೆ ಬರಿಯ ಹುಸಿ, ಲೆಕ್ಕಕ್ಕೇ ಇಟ್ಟುಕೊಳ್ಳಬೇಡಿ ಎನ್ನುವವರು ಅವರು. ನನ್ನ ಪಕ್ಷದವರೆಂದು ಇವರಿಗೆ ರಿಯಾಯಿತಿ ಕೊಡಲಾರೆ. ಬಾಂಬು ಬೀಳಲಿಲ್ಲ ಎಂಬುದರಿಂದ ಬೆದರಿಕೆ ಕೆಲಸ ಮಾಡಲಿಲ್ಲ ಎಂದಾಗುವುದಿಲ್ಲ. ಪಶ್ಚಿಮದ ಟ್ಯಾಂಕುಗಳ ನಿರ್ಧಾರವಾದದ್ದು 2023ರ ಜನವರಿಯಲ್ಲಿ, ಎಫ್-16 ವಿಮಾನಗಳು ಬಂದದ್ದು 2024ರ ಆಗಸ್ಟಿನಲ್ಲಿ, ಅಮೆರಿಕದ ದೂರಗಾಮಿ ಕ್ಷಿಪಣಿಗಳನ್ನು ರಷ್ಯಾದೊಳಕ್ಕೆ ಹಾರಿಸಲು ಅನುಮತಿ ಸಿಕ್ಕಿದ್ದು ಅದೇ ವರ್ಷದ ನವೆಂಬರಿನಲ್ಲಿ. ಈ ತಡಕ್ಕೆ ಬೇರೆ ಕಾರಣಗಳೂ ಇದ್ದವು. ಆದರೆ ಒಂದೊಂದು ಹೆಜ್ಜೆಯಲ್ಲೂ ವಾಷಿಂಗ್ಟನ್ ಮತ್ತು ಬರ್ಲಿನ್ ಗಟ್ಟಿಯಾಗಿ ಹೇಳಿಕೊಂಡ ಕಾರಣ ಯುದ್ಧ ಉಲ್ಬಣಿಸುವ ಭಯ. ಅಷ್ಟರಲ್ಲಿ ಜಮಾವಣೆಗೆ ಏನು ಬೇಕಿತ್ತು? ಸಮಯ. 2022ರ ಅಕ್ಟೋಬರ್ 28ರಂದು ಶೊಯಿಗು ಒಪ್ಪಿಸಿದ ವರದಿಯಂತೆ ಮೂರು ಲಕ್ಷದಲ್ಲಿ 82,000 ಮಂದಿ ಮಾತ್ರ ರಣರಂಗದಲ್ಲಿದ್ದರು, 2,18,000 ಮಂದಿ ಇನ್ನೂ ತರಬೇತಿಯಲ್ಲಿದ್ದರು. ಆ ಚಳಿಗಾಲ ಝಪೊರಿಝಿಯಾದ ಬಯಲಲ್ಲಿ ಕಂದಕ, ಮೈನು, ಕಾಂಕ್ರೀಟಿನ ಸಾಲುಗಳು ಎದ್ದವು. 2023ರ ಬೇಸಿಗೆಯಲ್ಲಿ ಉಕ್ರೇನಿನ ಪ್ರತಿದಾಳಿ ರೊಬೊಟಿನೆ ಹಳ್ಳಿಯ ಆಸುಪಾಸಿನಲ್ಲಿ ನಿಂತುಹೋಯಿತು. ಭಾಷಣದ ಎರಡು ಭಾಗಗಳು ಬೇರೆಬೇರೆಯಾಗಿರಲಿಲ್ಲ. ಬೆದರಿಕೆ ಸಮಯ ಗಳಿಸಿತು, ಜಮಾವಣೆ ಆ ಸಮಯವನ್ನು ಕಂದಕವಾಗಿಸಿತು. ಬೆದರಿಕೆಯನ್ನು ನಕ್ಕು ತಳ್ಳಿಹಾಕುವವರಿಗೆ ಈ ಅರ್ಧ ಕಾಣಿಸುವುದೇ ಇಲ್ಲ.

ಕಡೆಗೆ, ಎಲ್ಲ ವಾದ ಸೋತಾಗ ಹೊರತೆಗೆಯುವ ವಾದ: ಜಮಾವಣೆ ಎಂದೋ ಮುಗಿಯಿತು, ಎಲ್ಲೋ ದೂರದ ವಿಷಯ, ನಮಗೇಕೆ ಉಸಾಬರಿ? ಮುಗಿಯಿತೆಂದು ಬಾಯಲ್ಲಿ ಹೇಳಿದರು, ಮುಗಿಸುವ ಆದೇಶಕ್ಕೆ ಸಹಿ ಬೀಳಲಿಲ್ಲ. ಸೈನಿಕರು ಬರೆದುಕೊಟ್ಟ ಕರಾರುಗಳು ಜಮಾವಣೆಯ ಅವಧಿ ಮುಗಿಯುವವರೆಗೆ ಊರ್ಜಿತ ಎಂಬ ಸಾಲು ಮೂಲ ಆದೇಶದಲ್ಲಿದೆ. ಅವಧಿ ಮುಗಿಯಲಿಲ್ಲ, ಕರಾರೂ ಮುಗಿಯಲಿಲ್ಲ. ಇನ್ನು ದೂರದ ಮಾತು. ಸೇನೆಗೆ ಜನ ಸಾಲದಾದಾಗ ಸಂಬಳದ ಆಸೆ ತೋರಿಸಿ ಹೊರದೇಶಗಳಲ್ಲಿ ಬಲೆ ಬೀಸಿದರು. 2024ರಲ್ಲಿ ಸುದ್ದಿಯಾದಂತೆ, ಸಹಾಯಕರ ಕೆಲಸವೆಂದು ಹೋಗಿ ಯುದ್ಧಭೂಮಿ ತಲುಪಿದವರಲ್ಲಿ ಕಲಬುರಗಿಯ ಹುಡುಗರೂ ಇದ್ದರು. 2025ರ ಜನವರಿಯಲ್ಲಿ ವಿದೇಶಾಂಗ ಸಚಿವಾಲಯ ಕೊಟ್ಟ ಲೆಕ್ಕದಂತೆ ರಷ್ಯಾ ಸೇನೆ ಸೇರಿದ್ದ ಭಾರತೀಯರು 126, ಸತ್ತವರು 12, ನಾಪತ್ತೆಯಾದವರು 16. ಅವರನ್ನು ಬಿಡುಗಡೆ ಮಾಡಿ ಎಂದು 2024ರ ಜುಲೈನಲ್ಲಿ ಪ್ರಧಾನಿಯೇ ಮಾಸ್ಕೋದಲ್ಲಿ ಪುಟಿನ್ ಎದುರು ಕೇಳಬೇಕಾಯಿತು. ಕರಾರಿಗೊಂದು ಕೊನೆಯ ತಾರೀಖು ಇದ್ದಿದ್ದರೆ ಕೇಳುವ ಪ್ರಸಂಗವೇ ಬರುತ್ತಿರಲಿಲ್ಲ.