ಗೋವಾ ಥರ ಇದೆ ಅನ್ನಬೇಡಿ ಮಾರಾಯ್ರೆ

ಬೇಸಗೆ ರಜೆ ಬಂತೆಂದರೆ ನಮ್ಮೂರಿನ ಬಗ್ಗೆ ಪ್ರವಾಸ ಕಥನಗಳು ಸಾಲುಗಟ್ಟಿ ಬರುತ್ತವೆ. ಎಲ್ಲದರ ದಾರಿಯೂ ಒಂದೇ. ಕೃಷ್ಣಮಠ, ಗೋಳಿಬಜೆ, ಮಲ್ಪೆ, ಮಣಿಪಾಲದ ಎಂಡ್ ಪಾಯಿಂಟ್, ಕಾಪು ಲೈಟ್‌ಹೌಸಿನ ಹತ್ತಿರ ಸೂರ್ಯ ಮುಳುಗುವ ಫೋಟೊ, ಮರುದಿನ ಕಾರ್ಕಳದ ಗೊಮ್ಮಟ. ಸಮಯ ಉಳಿದರೆ ಅತ್ತೂರು ಚರ್ಚು. ಆ ಚರ್ಚಿನ ಫೋಟೊ ಕೆಳಗೆ ಒಂದೇ ಒಂದು ಸಾಲು ಇರುತ್ತದೆ: "ಥೇಟ್ ಗೋವಾ ಥರ!"

ಬರೆದವರಿಗೆ ಅದು ಹೊಗಳಿಕೆ. ನನಗೆ ಅದು ಕಾಲಿಗೆ ಚುಚ್ಚಿದ ಮುಳ್ಳು. ಯಾಕೆ ಅಂತ ಹೇಳ್ತೇನೆ, ಸ್ವಲ್ಪ ತಾಳ್ಮೆ ಇರಲಿ.

ನಾನು ಕಾರ್ಕಳ ಕಡೆಯ ಕ್ರಿಶ್ಚಿಯನ್. ಮನೆಯಲ್ಲಿ ಕೊಂಕಣಿ, ಬೀದಿಯಲ್ಲಿ ತುಳು, ಶಾಲೆಯಲ್ಲಿ ಕಲಿತದ್ದು ಮತ್ತು ಈಗ ಬರೆಯುತ್ತಿರುವುದು ಕನ್ನಡ. ಹೊಟ್ಟೆಪಾಡು ಬೆಂಗಳೂರಲ್ಲಿ. ಈ ಮೇ ತಿಂಗಳಲ್ಲಿ ಹತ್ತು ದಿನ ರಜೆ ಹಾಕಿ ಊರಲ್ಲಿದ್ದೆ. ಬೆಳಿಗ್ಗೆ ಬಿಸಿಲೇರುವ ಮೊದಲು ನಡೆಯುವುದು, ಸಂಜೆ ಕಾಪು ಅಥವಾ ಮಲ್ಪೆಯ ಮರಳಲ್ಲಿ ಕೂರುವುದು, ಭಾನುವಾರ ಪೂಜೆಗೆ ಹೋಗುವುದು, ಇಷ್ಟೇ ಕೆಲಸ. ನಡೆಯುವಾಗ ಜೇಬಿನಲ್ಲಿ ಜಪಸರ ಇರುತ್ತದೆ. ನಡಿಗೆ, ಪ್ರಾರ್ಥನೆ ಎರಡೂ ಒಂದೇ ತಾಳಕ್ಕೆ ಬರುವುದು ನನಗೆ ಊರಿನ ದಾರಿಯಲ್ಲಿ ಮಾತ್ರ. ಬೆಂಗಳೂರಿನ ಫುಟ್‌ಪಾತಿನಲ್ಲಿ ಕಣ್ಣು ಗುಂಡಿಯ ಮೇಲೇ ಇರಬೇಕಲ್ಲ :-)

ಈಗ ಗೋವಾದ ವಿಷಯ. ನಮ್ಮಲ್ಲಿ ಬಹಳ ಮಂದಿಯ ಪೂರ್ವಜರು ಗೋವಾದಿಂದ ಬಂದದ್ದು ಹೌದು. ಆದರೆ ಬಂದದ್ದು ಯಾಕೆ? ಅಲ್ಲಿಂದ ಬಿಟ್ಟು ಓಡಿ! 1560ರಲ್ಲಿ ಅಲ್ಲಿ ಇನ್‌ಕ್ವಿಸಿಷನ್ ಶುರುವಾಯಿತು. ಮತಾಂತರವಾದವರು ಹಳೆಯ ಪದ್ಧತಿ ಇಟ್ಟುಕೊಂಡರೂ ಶಿಕ್ಷೆ. 1684ರಲ್ಲಿ ಕೊಂಕಣಿ ಮಾತಾಡುವುದನ್ನೇ ಬಿಡಿಸಲು ಆಜ್ಞೆ ಹೊರಟಿತು. ಇದರ ಮೇಲೆ ಬರಗಾಲ, ಯುದ್ಧ. ಹಾಗೆ ಬಂದವರಿಗೆ ಕೆಳದಿಯ ನಾಯಕರ ಸೀಮೆಯಲ್ಲಿ ಉಳುವುದಕ್ಕೆ ನೆಲ ಸಿಕ್ಕಿತು. ಅಂದರೆ ಪೋರ್ಚುಗೀಸರ ಕಾಟ ತಡೆಯಲಾರದೆ ಕನ್ನಡ ರಾಜರ ನೆರಳಿಗೆ ಬಂದವರನ್ನು ಇವತ್ತು ನೀವು ಪೋರ್ಚುಗೀಸರ ಪಳೆಯುಳಿಕೆ ಅಂತ ಫೋಟೊ ಹಿಡಿಯುತ್ತೀರಿ. ಇದಕ್ಕಿಂತ ತಮಾಷೆ ಬೇಕಾ?

ಇನ್ನೊಂದು ಮಾತು. ಗೌಡ ಸಾರಸ್ವತರೂ ಗೋವಾ ಬಿಟ್ಟು ಇದೇ ಕರಾವಳಿಗೆ ಬಂದವರು. ಅದೇ ಸಮುದಾಯದ ಟಿ.ಎಂ.ಎ. ಪೈಗಳು 1953ರಲ್ಲಿ ಕೆಎಂಸಿ ತೆರೆದು ಬೋಳುಗುಡ್ಡ ಮಣಿಪಾಲವನ್ನು ಊರು ಮಾಡಿದರು. ಮಣಿಪಾಲ ನೋಡಿ ಯಾರಾದರೂ "ಗೋವಾ ಥರ" ಅಂದದ್ದುಂಟಾ? ಇಲ್ಲ. ಒಂದೇ ದಾರಿಯಲ್ಲಿ ಬಂದ ಇಬ್ಬರಲ್ಲಿ ಒಬ್ಬರು ಊರವರು, ಇನ್ನೊಬ್ಬರು ಹೊರಗಿನವರು ಆದದ್ದು ಹೇಗೆ? ಉತ್ತರ ನಿಮಗೂ ಗೊತ್ತು.

ಅತ್ತೂರಿಗೇ ಬರೋಣ. ಕಾರ್ಕಳ ಪೇಟೆಯಿಂದ ನಡೆದು ಹೋದರೆ ಒಂದು ಗಂಟೆಗೂ ಮಿಕ್ಕಿದ ದಾರಿ. 1759ರಲ್ಲಿ ಶುರುವಾದ ಚರ್ಚು. 1784ರಲ್ಲಿ ಟಿಪ್ಪು ಕರಾವಳಿಯ ಕ್ರಿಶ್ಚಿಯನ್ನರನ್ನು ಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದ. ಬದುಕಿ ಉಳಿದವರು 1799ರ ನಂತರ ವಾಪಸು ಬಂದು ಮತ್ತೆ ಕಟ್ಟಿಕೊಂಡರು. ಟಿಪ್ಪು ಜಯಂತಿಯ ಗಲಾಟೆ ಎದ್ದಾಗ ಟಿವಿಯಲ್ಲಿ ನಮ್ಮ ಹಿರಿಯರ ಈ ಸೆರೆಯ ಕಥೆ ಹೇಳಿ ಕಣ್ಣೀರು ಹಾಕುವವರಿದ್ದಾರೆ. ಅವರಲ್ಲೇ ಕೆಲವರು ಮರುದಿನ ನಮ್ಮನ್ನು ವಿದೇಶಿ ಧರ್ಮದವರು ಅನ್ನುತ್ತಾರೆ. ಸತ್ತವರು ಇಲ್ಲಿಯವರು, ಬದುಕಿದವರು ಹೊರಗಿನವರು! ಈ ಲೆಕ್ಕ ನನ್ನ ತಲೆಗೆ ಹತ್ತುವುದಿಲ್ಲ.

ಸಂತ ಲಾರೆನ್ಸರು 258ರಲ್ಲಿ ರೋಮಿನಲ್ಲಿ ಸತ್ತವರು. ಚರ್ಚಿನ ಪಂಚಾಂಗದಲ್ಲಿ ಅವರ ಹಬ್ಬ ಆಗಸ್ಟ್ 10. ಆಗ ನಮ್ಮಲ್ಲಿ ಜಡಿಮಳೆ. ಅತ್ತೂರಿನ ಜಾತ್ರೆ ನಡೆಯುವುದು ಜನವರಿಯಲ್ಲಿ, ಸುತ್ತಲಿನ ದೇವಸ್ಥಾನ, ದೈವಸ್ಥಾನಗಳ ಉತ್ಸವಗಳ ಋತುವಿನಲ್ಲೇ. ಅಲ್ಲಿನ ಕೆರೆಯನ್ನು ಜನ ಪುಷ್ಕರಿಣಿ ಅನ್ನುತ್ತಾರೆ. ಮೇಣದ ಬತ್ತಿ ಹಚ್ಚಿ ಹರಕೆ ಒಪ್ಪಿಸುವ ಸಾಲಿನಲ್ಲಿ ಕುಂಕುಮ ಇಟ್ಟವರೂ ಇರುತ್ತಾರೆ, ಬುರ್ಖಾ ಹಾಕಿದವರೂ ಇರುತ್ತಾರೆ. 2016ರಲ್ಲಿ ಅದು ಬಸಿಲಿಕಾ ಆದಾಗ ರೋಮಿನಿಂದ ಬಂದದ್ದು ಬಿರುದು ಮಾತ್ರ. ಜನ ಅದಕ್ಕೂ ಮೊದಲೇ ಬರುತ್ತಿದ್ದರು. ಇದನ್ನು ಗೋವಾ ಥರ ಅಂದರೆ ಹೇಗೆ? ಇದು ಕಾರ್ಕಳದ ಥರ.

ಸೆಪ್ಟೆಂಬರ್ 8ರ ಮೊಂತಿ ಹಬ್ಬ ನೋಡಿದ್ದೀರಾ? ಮಕ್ಕಳು ಮಾತೆ ಮರಿಯಮ್ಮನಿಗೆ ಹೂ ಎರಚುತ್ತಾರೆ. ಹೊಸ ಭತ್ತದ ತೆನೆಗೆ ಆಶೀರ್ವಾದ ಆಗುತ್ತದೆ, ಅದನ್ನು ಮನೆಗೆ ತಂದು ಹೊಸ ಊಟ ಮಾಡುತ್ತೇವೆ. ಆ ದಿನ ಮೀನಿಲ್ಲ, ಮಾಂಸವಿಲ್ಲ. ಪಕ್ಕದ ಮನೆಯವರು ಅದೇ ತಿಂಗಳುಗಳಲ್ಲಿ ತೆನೆ ಕಟ್ಟುತ್ತಾರೆ. ಗದ್ದೆ ಒಂದೇ, ದೇವರ ಹೆಸರು ಬೇರೆ. ತುಳುವಿನಲ್ಲಿ ನಮ್ಮನ್ನು ಕರೆಯುವ 'ಪೊರ್ಬು' ಅನ್ನುವ ಮಾತು ಕೂಡ 'ಪ್ರಭು'ವಿನಿಂದ ಬಂದದ್ದು ಅನ್ನುತ್ತಾರೆ. ವಿದೇಶಿ ವಾಸನೆ ಎಲ್ಲಿದೆ, ನೀವೇ ಹುಡುಕಿ ಹೇಳಿ.

"ಮಿಷನರಿಗಳು ಬಂದದ್ದು ಮತಾಂತರಕ್ಕೇ ಅಲ್ಲವಾ?" ಅಂತ ಕೇಳುವವರಿದ್ದಾರೆ. ಹೌದು, ಅದಕ್ಕೇ ಬಂದರು. ಮುಚ್ಚಿಡುವುದೇನಿದೆ? 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್‌ನವರು ಉಡುಪಿಗೂ ಬಂದರು, ಶಾಲೆ ತೆರೆದರು. ಅವರ ಪೈಕಿಯೇ ಮೋಗ್ಲಿಂಗ್ 1843ರಲ್ಲಿ 'ಮಂಗಳೂರ ಸಮಾಚಾರ' ತಂದರು, ಕಿಟ್ಟೆಲ್ 1894ರಲ್ಲಿ ನಿಘಂಟು ಕೊಟ್ಟರು. 1923ರಲ್ಲಿ ಇವಾ ಲೊಂಬಾರ್ಡ್ ಅನ್ನುವ ಡಾಕ್ಟರಮ್ಮ ಉಡುಪಿಯಲ್ಲಿ ಹೆಂಗಸರಿಗೆ, ಮಕ್ಕಳಿಗೆ ಆಸ್ಪತ್ರೆ ಶುರು ಮಾಡಿದರು. ಅದು ಇಂದಿಗೂ ಮಿಷನ್ ಆಸ್ಪತ್ರೆಯೇ. ಉದ್ದೇಶವೂ ನಿಜ, ಕೆಲಸವೂ ನಿಜ. ನಾವು ಕನ್ನಡದಲ್ಲಿ ಬ್ಲಾಗ್ ಬರೆಯುವವರು ಶಬ್ದಕ್ಕೆ ತಡಕಾಡಿದಾಗ ಕಿಟ್ಟೆಲ್‌ನ ಬಾಗಿಲು ತಟ್ಟುತ್ತೇವೆ. ಅವನ ನಂಬಿಕೆ ಇಷ್ಟವಾಗದಿದ್ದರೆ ವಾದ ಮಾಡಿ. ಆದರೆ ಅವನ ಪುಸ್ತಕ ಬೇಕು, ಆ ನಂಬಿಕೆಯ ಜನ ಪರದೇಶಿಗಳು ಅನ್ನುವುದು ಯಾವ ನ್ಯಾಯ?

ನಮ್ಮವರಿಗೂ ಎರಡು ಮಾತು ಹೇಳದೆ ಬಿಟ್ಟರೆ ಈ ಬರಹ ಅರ್ಧ ಆಗುತ್ತದೆ. ಮದುವೆ ಮಾತುಕತೆಯಲ್ಲಿ "ನಾವು ಮೂಲದಲ್ಲಿ ಬಾಮಣ್" ಅಂತ ಮೆಲ್ಲಗೆ ಹೇಳುವವರು ನಮ್ಮಲ್ಲಿ ಇನ್ನೂ ಇದ್ದಾರೆ. ನಾಲ್ಕು ನೂರು ವರ್ಷ ಹಿಂದೆ ಬಿಟ್ಟು ಬಂದ ಗೋವಾದಿಂದ ತಂದ ಗಂಟು ಅದೊಂದೇ, ಬಿಚ್ಚಿ ಬಿಸಾಕಲು ಆಗಲಿಲ್ಲ. ಕ್ರಿಸ್ತನ ಮೇಜಿನಲ್ಲಿ ಒಟ್ಟಿಗೆ ಕೂತು, ಮನೆಗೆ ಬಂದು ಜಾತಿ ನೋಡುವವರು ಬೇರೆಯವರಿಗೆ ಸಮಾನತೆ ಬೋಧಿಸುವುದು ಬೇಡ.

ಒಂದು ಸಾಲಿನ ಫೋಟೊ ಶೀರ್ಷಿಕೆಗೆ ಇಷ್ಟು ಕೋಪವಾ ಅಂತ ಅನಿಸಬಹುದು. ಆದರೆ "ಇವರು ಇಲ್ಲಿಯವರಲ್ಲ" ಅನ್ನುವುದು ಮೊದಲು ಹೊಗಳಿಕೆಯಾಗಿ, ತಮಾಷೆಯಾಗಿ ಬರುತ್ತದೆ. ಆಮೇಲೆ ಅದು ಕಲ್ಲಾಗುತ್ತದೆ. 2008ರ ಸೆಪ್ಟೆಂಬರಿನಲ್ಲಿ ಕರಾವಳಿಯ ಚರ್ಚುಗಳ ಮೇಲೆ ದಾಳಿ ಆದದ್ದು ನೆನಪಿದೆಯಲ್ಲ? 2022ರ ಮಾರ್ಚಿನಲ್ಲಿ ಇದೇ ಕಾಪುವಿನ ಮಾರಿಪೂಜೆಯಲ್ಲಿ ಮುಸ್ಲಿಂ ವ್ಯಾಪಾರಿಗಳಿಗೆ ಅಂಗಡಿ ಹಾಕಲು ಬಿಡಲಿಲ್ಲ. 1906ರಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಕಾರ್ಪೊರೇಷನ್ ಬ್ಯಾಂಕ್ ಕಟ್ಟಿದ ಜಿಲ್ಲೆ ಇದು! ಆ ಸುದ್ದಿ ಬಂದಾಗ ನಮ್ಮ ಪ್ರವಾಸ ಬರಹಗಾರರು ಯಾರೂ ಕಾಪುವಿನ ಬಗ್ಗೆ ಒಂದಕ್ಷರ ಬರೆದದ್ದು ನಾನು ಓದಿಲ್ಲ. ಸೂರ್ಯಾಸ್ತ ಮಾತ್ರ ಚೆನ್ನಾಗಿತ್ತು.

ಸಮುದ್ರದ ಎದುರು ಕೂತರೆ ಮನಸ್ಸು ದೊಡ್ಡದಾಗುತ್ತದೆ ಅಂತ ಎಲ್ಲರೂ ಬರೆಯುತ್ತಾರೆ. ನನಗೂ ಹಾಗೆ ಆಗುತ್ತದೆ. ಕಾಪುವಿನ ಬಂಡೆಯ ಮೇಲೆ ಕೂತು ಪ್ರಾರ್ಥನೆ ಮಾಡುವಾಗ ನನ್ನ ದೇವರು ಯಾವ ದೇಶದವನು ಅನ್ನುವ ಪ್ರಶ್ನೆ ಬರುವುದೇ ಇಲ್ಲ. ಆದರೆ ದಡದಲ್ಲಿ ಬದುಕುವವರ ಬಗ್ಗೆ ಏನೂ ಕೇಳದೆ ಅಲೆ ಮಾತ್ರ ನೋಡಿ ಹೋದರೆ ಅದು ದೊಡ್ಡ ಮನಸ್ಸಲ್ಲ, ಒಳ್ಳೆ ಕ್ಯಾಮರಾ, ಅಷ್ಟೆ.

ಆದ್ದರಿಂದ ಗೆಳೆಯರಲ್ಲಿ ಒಂದು ಕೋರಿಕೆ. ಮುಂದಿನ ಸಲ ಬಂದಾಗ ಅತ್ತೂರಲ್ಲಿ ಅರ್ಧ ಗಂಟೆ ಕೂತುಕೊಳ್ಳಿ. ಮೇಣದ ಬತ್ತಿ ಮಾರುವ ಅಕ್ಕನ ಹತ್ತಿರ ಮಾತಾಡಿ. ಯಾರು ಬರುತ್ತಾರೆ, ಏನು ಹರಕೆ ಹೇಳಿಕೊಳ್ಳುತ್ತಾರೆ ಕೇಳಿ. ಆಮೇಲೆ ಫೋಟೊ ಹಾಕಿ, ಕೆಳಗೆ ಊರಿನ ಹೆಸರು ಬರೆಯಿರಿ. ಕಾರ್ಕಳ ತಾಲೂಕು, ಉಡುಪಿ ಜಿಲ್ಲೆ, ಕರ್ನಾಟಕ. ಅಷ್ಟು ಸಾಕು.

ನೀವೇನಂತೀರಿ? ಜಗಳಕ್ಕೂ ಸ್ವಾಗತ.