ಕೇಳುವುದಕ್ಕೂ ಮಡಿಯೇ?

ಕಳೆದ ತಿಂಗಳು ಗೆಳೆಯರೊಬ್ಬರ ಮನೆಯಲ್ಲಿ ಊಟ ಮುಗಿಸಿ ಕೂತಿದ್ದಾಗ ನನ್ನ ಫೋನಿನಲ್ಲಿ ಈಕ್ವಲೈಜರ್ ತೆರೆದಿದ್ದದ್ದು ಅವರ ಕಣ್ಣಿಗೆ ಬಿತ್ತು. ಎಡೆಗೆ ಕಾಗೆ ಬಾಯಿ ಹಾಕಿದ್ದನ್ನು ಕಂಡವರ ಹಾಗೆ ಮುಖ ಮಾಡಿದರು. 'ಅಲ್ರೀ, ಮನ್ಸೂರರನ್ನೂ ಹೀಗೆ ತಿರುಚಿಕೊಂಡು ಕೇಳ್ತೀರಾ? ಅವರು ಹಾಡಿದ್ದು ಹೇಗಿದೆಯೋ ಹಾಗೇ ಕೇಳಬೇಕಪ್ಪ' ಅಂದರು. ಹಾಗೆನ್ನುವಾಗ ಅವರ ಕೊರಳಲ್ಲಿ ನೇತಾಡುತ್ತಿದ್ದದ್ದು ಸಾವಿರ ಚಿಲ್ಲರೆ ರೂಪಾಯಿಯ ಇಯರ್‌ಫೋನ್. ಅದರ ಡಬ್ಬಿ ಅಲ್ಲೇ ಮೇಜಿನ ಮೇಲಿತ್ತು. 'ಎಕ್ಸ್‌ಟ್ರಾ ಬೇಸ್' ಎಂದು ದಪ್ಪಕ್ಷರದಲ್ಲಿ ಅಚ್ಚಾಗಿತ್ತು.

ಈ ಜಗಳ ಗೆಳೆಯರೊಬ್ಬರದ್ದಲ್ಲ. ಸಂಗೀತ ಬಲ್ಲವರು, ಓದಿಕೊಂಡವರು, ಪಾಠಾಂತರಗಳ ಬಗ್ಗೆ ಗಂಟೆಗಟ್ಟಲೆ ಮಾತಾಡಬಲ್ಲವರು ಕೂಡ ಫೋನಿನ ಆ ಆರೋ ಹತ್ತೋ ಕಂಬಿಗಳನ್ನು ಮುಟ್ಟಿದರೆ ಮೈಲಿಗೆ ಎಂದೇ ನಂಬಿದ್ದಾರೆ. ಕಲಾವಿದನಿಗೆ ಅಪಚಾರವಂತೆ. ನನ್ನ ತಕರಾರು ಸರಳವಾದದ್ದು. 'ಹೇಗಿದೆಯೋ ಹಾಗೆ' ಎಂಬ ಆ ಮೂಲ ಧ್ವನಿ ನಿಮ್ಮ ಕಿವಿಗೆ ಯಾವತ್ತು ಬಂದಿತ್ತು ಸ್ವಾಮಿ?

ನೀವು ಪೂಜಿಸುವ ಎಲ್‌ಪಿಯನ್ನೇ ತೆಗೆದುಕೊಳ್ಳಿ. ಮಂದ್ರದ ಸದ್ದನ್ನು ಇದ್ದ ಹಾಗೆ ಕೊರೆದರೆ ತಟ್ಟೆಯ ಗೆರೆ ಅಗಲವಾಗಿ ಪಕ್ಕದ ಗೆರೆಗೆ ತಾಗುತ್ತದೆ. ತಾರದ ಸದ್ದನ್ನು ಇದ್ದ ಹಾಗೆ ಕೊರೆದರೆ ಮುಳ್ಳಿನ ಸರಸರದಲ್ಲಿ ಅದು ಮುಳುಗುತ್ತದೆ. ಅದಕ್ಕೇ ಕೊರೆಯುವಾಗ ಬೇಸನ್ನು ತಗ್ಗಿಸಿ ಟ್ರೆಬಲ್ಲನ್ನು ಏರಿಸುತ್ತಾರೆ. ನುಡಿಸುವಾಗ ಆಂಪ್ಲಿಫೈಯರಿನೊಳಗಿನ ಒಂದು ಪುಟ್ಟ ಸರ್ಕ್ಯೂಟು ಅದನ್ನು ತಿರುವುಮುರುವು ಮಾಡಿ ಸರಿಗೊಳಿಸುತ್ತದೆ. ಅಮೆರಿಕದ ರೆಕಾರ್ಡಿಂಗ್ ಸಂಘ 1954ರಲ್ಲಿ ಇದಕ್ಕೊಂದು ಸಾಮಾನ್ಯ ಅಳತೆಯನ್ನೇ ನಿಗದಿ ಮಾಡಿತು. ತೀರಾ ಕೆಳಗಿನ ಸದ್ದುಗಳಲ್ಲಿ ಈ ಏರಿಳಿತ ಹತ್ತಿರ ಹತ್ತಿರ 20 ಡೆಸಿಬಲ್. ಈಕ್ವಲೈಜರ್ ಮುಟ್ಟದ ಎಲ್‌ಪಿಯನ್ನು ಯಾರೂ ಕೇಳಿಲ್ಲ, ಕೇಳಿದರೆ ಸಹಿಸಲಾರರು ಕೂಡ. ಹೋಗಲಿ, ಆ ಪದದ ಹುಟ್ಟನ್ನಾದರೂ ನೋಡಿ. ಉದ್ದದ ಟೆಲಿಫೋನ್ ತಂತಿಯಲ್ಲಿ ಸಾಗುವಾಗ ಸದ್ದಿನ ಮೇಲಿನ ಎಳೆಗಳು ಸವೆದುಹೋಗುತ್ತಿದ್ದವು. ಆ ನಷ್ಟ ತುಂಬಿ ಈ ತುದಿಯಲ್ಲಿ ಆಡಿದ್ದನ್ನು ಆ ತುದಿಗೆ 'ಸಮ'ವಾಗಿ ಮುಟ್ಟಿಸಲು ಬಂದದ್ದು ಈಕ್ವಲೈಜರ್. ತಿರುಚುವುದಕ್ಕಲ್ಲ, ತಿರುಚಿದ್ದನ್ನು ನೇರ ಮಾಡುವುದಕ್ಕೆ.

ಇಯರ್‌ಫೋನ್ ತಿರುಚುತ್ತದೆಯೇ? ಅದರ ಕಸುಬೇ ಅದು. ಯಾವ ಎರಡು ಮಾದರಿಗಳೂ ಒಂದೇ ಥರ ನುಡಿಯುವುದಿಲ್ಲ. ಅಗ್ಗದವು ಅಂಗಡಿಯಲ್ಲಿ ಅರ್ಧ ನಿಮಿಷ ಕೇಳಿದವರಿಗೆ 'ವಾಹ್' ಅನಿಸಲಿ ಎಂದು ಬೇಸನ್ನು ಉಬ್ಬಿಸಿಕೊಂಡೇ ಬರುತ್ತವೆ. ಅಂದರೆ ನನ್ನ ಗೆಳೆಯರು ಈಕ್ವಲೈಜರ್ ಬಳಸದೇ ಇಲ್ಲ. ಕಾರ್ಖಾನೆಯಲ್ಲಿ ಯಾರೋ ಇಟ್ಟ ಸೆಟ್ಟಿಂಗನ್ನು ಬಳಸುತ್ತಿದ್ದಾರೆ, ಅಷ್ಟೆ. ತಾನು ಮುಟ್ಟಿದರೆ ಅಪಚಾರ, ಮಾರುವವನು ಮುಟ್ಟಿದರೆ ಮೂಲ!

ಉಬ್ಬಿದ ಬೇಸು ಮೊದಲು ನುಂಗುವುದು ತಂಬೂರಿಯನ್ನು. ತಂಬೂರಿಯ ಜೀವಾಳ ಅದರ ಮೂಲ ಸ್ವರದಲ್ಲಿಲ್ಲ, ಮೇಲೆ ಮೇಲೆ ಹೊಮ್ಮುವ ಉಪಸ್ವರಗಳಲ್ಲಿದೆ. ಬಾಗಿದ ಕುದುರೆ, ಅದರ ಮೇಲೆ ತಂತಿಯಡಿ ಇಡುವ ಒಂದೆಳೆ ದಾರ, ಇವೆರಡೂ ಸೇರಿ ಆ ಝೇಂಕಾರ ಹುಟ್ಟಿಸುತ್ತವೆ. ಸಿ.ವಿ. ರಾಮನ್ 1921ರಲ್ಲೇ ಇದರ ಬಗ್ಗೆ ಪ್ರಬಂಧ ಬರೆದರು. ಸಾಮಾನ್ಯ ತಂತಿಯ ನಿಯಮದ ಪ್ರಕಾರ ಏಳಲೇಬಾರದ ಉಪಸ್ವರಗಳು ಕೂಡ ತಂಬೂರಿಯಲ್ಲಿ ಏಳುತ್ತವೆ ಎಂಬುದು ಅವರ ಬೆರಗು. ಜೋರಾದ ಕೆಳಸದ್ದು ತನಗಿಂತ ಮೇಲಿನ ಮೆಲುಸದ್ದನ್ನು ಮುಚ್ಚಿಹಾಕುತ್ತದೆ ಎಂಬುದು ಕಿವಿಯ ಸ್ವಭಾವ. ತಬಲದ ಡಗ್ಗ ಗುಮ್ಮೆಂದ ಕಡೆಯೆಲ್ಲ ಹಿಂದಿನ ತಂಬೂರಿ ಮಾಯ. ಇದನ್ನು ಕೇಳುತ್ತ 'ಹಾಡಿದ್ದು ಹೇಗಿದೆಯೋ ಹಾಗೇ' ಎನ್ನುವುದು ಹೇಗೆ?

ಹಾಗಂತ ಕಂಬಿಗಳನ್ನೆಲ್ಲ ಆಕಾಶಕ್ಕೆ ತಳ್ಳುವವರ ಪಕ್ಷ ನನ್ನದಲ್ಲ. ಆ್ಯಪುಗಳಲ್ಲಿ ಸಿದ್ಧವಾಗಿ ಬರುವ 'ರಾಕ್', 'ಪಾಪ್', 'ಕ್ಲಾಸಿಕಲ್' ಎಂಬ ಹೆಸರುಗಳನ್ನು ನಂಬಬೇಡಿ. ನಿಮ್ಮ ಕಿವಿಯಲ್ಲಿರುವುದು ಯಾವ ಇಯರ್‌ಫೋನ್ ಎಂದು ಕೂಡ ಅವಕ್ಕೆ ಗೊತ್ತಿಲ್ಲ, ತಂಬೂರಿಯಂತೂ ದೂರದ ಮಾತು. 6 ಡೆಸಿಬಲ್ ಏರಿಸಿದರೆ ಅಲೆಯ ಎತ್ತರ ಎರಡು ಪಟ್ಟಾಗುತ್ತದೆ. ಡಿಜಿಟಲ್ ಧ್ವನಿಗೆ ಒಂದು ಮಾಡು ಇದೆ, ಅದನ್ನು ದಾಟಲು ಹೋದ ಅಲೆಯ ತಲೆ ಕತ್ತರಿಸಿಹೋಗುತ್ತದೆ. ಜೋರು ಜಾಗಗಳಲ್ಲಿ ಗರಗರ ಅನ್ನುವುದು ಅದಕ್ಕೇ. ಹೆಚ್ಚಾದದ್ದನ್ನು ತಗ್ಗಿಸಿ, ಬೇಕಾದದ್ದು ತಾನಾಗಿ ಮೇಲೆ ಬರುತ್ತದೆ. ಏರಿಸಲೇಬೇಕಿದ್ದರೆ ಪ್ರೀಆಂಪ್ ಎಂಬ ಕಂಬಿಯನ್ನು ಅಷ್ಟೇ ಇಳಿಸಿ. ಅದಕ್ಕೂ ಮೊದಲು ಕಿವಿಗೆ ಹಾಕುವ ರಬ್ಬರು ಸರಿಯಾಗಿ ಕೂತಿದೆಯೇ ನೋಡಿ. ಅದು ಸಡಿಲವಾದರೆ ಬೇಸೆಲ್ಲ ಸೋರಿಹೋಗುತ್ತದೆ, ಯಾವ ಆ್ಯಪೂ ಅದನ್ನು ಹಿಡಿದು ತರಲಾರದು.

ಹಾಸ್ಟೆಲಿನ ಹುಡುಗ ಹುಡುಗಿಯರಿಗೆ ಇನ್ನೊಂದು ಮಾತು. ಸದ್ದು ಸಣ್ಣದಾದಷ್ಟೂ ನಮ್ಮ ಕಿವಿಗೆ ಬೇಸು ಕೇಳುವುದು ಕಡಿಮೆ. ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಇದನ್ನು ಅಳೆದು ತೋರಿಸಿದ್ದಾರೆ. ರಾತ್ರಿ ಮೆಲ್ಲಗೆ ಕೇಳುವಾಗ ಹಾಡು ಸಪ್ಪೆ ಅನಿಸುವುದು ಈ ಕಾರಣಕ್ಕೆ. ಆಗ ನಾವೇನು ಮಾಡುತ್ತೇವೆ? ಇಡೀ ವಾಲ್ಯೂಮನ್ನೇ ಏರಿಸುತ್ತೇವೆ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವ ಮಿತಿ ವಾರಕ್ಕೆ 80 ಡೆಸಿಬಲ್‌ನಲ್ಲಿ 40 ಗಂಟೆ. 90 ಆದರೆ ಬರೀ 4 ಗಂಟೆ. ಕೆಳಗಿನ ಒಂದೆರಡು ಕಂಬಿಯನ್ನಷ್ಟೇ ಸ್ವಲ್ಪ ಎತ್ತಿದ್ದರೆ ಕಡಿಮೆ ಸದ್ದಿನಲ್ಲೇ ಹಾಡು ತುಂಬಿಕೊಳ್ಳುತ್ತಿತ್ತು. ಮಡಿವಂತಿಕೆಗೆ ತೆರುವ ಬೆಲೆ ಕಿವಿಯೇ ಆಗಬಾರದಲ್ಲ.

ನನಗೆ ಇಷ್ಟು ಸಿಟ್ಟು ಬರಲು ನಿಜವಾದ ಕಾರಣ ಅಪ್ಪ. ಎಪ್ಪತ್ತು ದಾಟಿದವರು. ಶಿಶುನಾಳ ಶರೀಫರ ಪದಗಳೆಂದರೆ ಪ್ರಾಣ, ಅಶ್ವತ್ಥರ ದನಿಯಲ್ಲಿ ಬೇಕು. ಊರಿಗೆ ಹೋದಾಗ ಹೆಡ್‌ಫೋನ್ ಕೊಟ್ಟೆ. ಎರಡು ದಿನಕ್ಕೆ ತೆಗೆದಿಟ್ಟರು. 'ರಾಗ ಕೇಳತದ, ಮಾತು ಕೇಳವಲ್ದು' ಅಂದರು. ಶರೀಫರಲ್ಲಿ ಮಾತು ಹೋದ ಮೇಲೆ ಉಳಿಯುವುದೇನು? ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದು ಮೇಲಿನ ಎಳೆಗಳನ್ನು. ಸ, ಶ, ತ ಇಂಥ ಅಕ್ಷರಗಳ ಗುರುತು ಇರುವುದೇ ಅಲ್ಲಿ. ಹತ್ತು ಕಂಬಿಯ ಆ್ಯಪೊಂದನ್ನು ಹಾಕಿ 62, 125ನ್ನು ನಾಲ್ಕು ನಾಲ್ಕು ಇಳಿಸಿದೆ, 2 ಸಾವಿರ, 4 ಸಾವಿರ ಹರ್ಟ್ಸನ್ನು ಮೂರು ಮೂರು ಏರಿಸಿದೆ, ಪ್ರೀಆಂಪನ್ನು ನಾಲ್ಕು ತಗ್ಗಿಸಿದೆ. ಇದು ಶ್ರವಣಯಂತ್ರವಲ್ಲ, ಕಿವಿಯ ಡಾಕ್ಟರಿಗೂ ತೋರಿಸಿದೆವು, ಅದು ಬೇರೆ. ಆದರೆ ಆ ಸಂಜೆ ಅಪ್ಪ ಕಟ್ಟೆಯ ಮೇಲೆ ಕೂತು ತುಟಿ ಅಲ್ಲಾಡಿಸತೊಡಗಿದ್ದನ್ನು ನಾನು ನೋಡಿದ್ದೇನೆ. ಯಾವ ಶುದ್ಧತೆಯ ಹೆಸರಿನಲ್ಲಿ ಆ ಮೂರು ಡೆಸಿಬಲ್ಲನ್ನು ಅವರಿಗೆ ತಪ್ಪಿಸಬೇಕಿತ್ತು?

ಇದನ್ನೆಲ್ಲ ಗೆಳೆಯರಿಗೆ ಹೇಳಿದೆ. ಅವರು ಸೋಲೊಪ್ಪುವ ಪೈಕಿಯಲ್ಲ. 'ಹಾಗಾದರೆ ಮೈಸೂರಲ್ಲಿ ತೀರಿಕೊಂಡ ಗೌಹರ್ ಜಾನ್ ಇದ್ದಾಳಲ್ಲ, 1902ರಲ್ಲಿ ಕಹಳೆಯ ಮುಂದೆ ಕೂಗಿ ಹಾಡಿದವಳು, ಅವಳ ದನಿಯನ್ನೂ ಸರಿ ಮಾಡ್ತೀರಾ?' ಎಂದು ಕೆಣಕಿದರು. ಇಲ್ಲ. ಆ ಕಹಳೆ ಹಿಡಿಯದ ಎಳೆಗಳು ತಟ್ಟೆಯಲ್ಲೇ ಇಲ್ಲ. ಟ್ರೆಬಲ್ ಏರಿಸಿದರೆ ಸಿಗುವುದು ಮುಳ್ಳಿನ ಸದ್ದು ಮಾತ್ರ. ಅಲ್ಲಿ ನಾನು ಕಂಬಿ ಮುಟ್ಟುವುದಿಲ್ಲ. ಅವರು ಒಂದು ಕ್ಷಣ ಸುಮ್ಮನಿದ್ದು, ಫೋನನ್ನು ನನ್ನ ಕಡೆ ಚಾಚಿದರು. 'ಆ 125 ಅನ್ನೋದು ಎಲ್ಲಿದೆ, ತೋರಿಸಿ.'